ಬ್ಯಾಟರಿ ತುಂಬಿದ ಮಧ್ಯಾಹ್ನ

"ಅಜ್ಜಿ, ಸ್ವಿಚ್ ಮೇಲಿಂದ ಕೈ ತೆಗಿ."

ಅಜ್ಜಿಯ ಬೆರಳು ಸ್ವಿಚ್ಚಿನ ಮೇಲೆಯೇ ನಿಂತುಬಿಟ್ಟಿತು. ಎರಡೂ ಪಾದಗಳನ್ನು ಕಾಲು ಒತ್ತುವ ಮಷೀನಿನೊಳಗೆ ಇಳಿಸಿ ಅವಳು ಆಗಲೇ ಆರಾಮಾಗಿ ಕೂತಿದ್ದಳು. ಮೊಮ್ಮಗಳು ಸ್ನಾನಕ್ಕೆ ಹೋಗಿದ್ದಾಳೆ, ಇದೇ ಸಮಯ ಅಂದುಕೊಂಡಿದ್ದಳು. ನೋಡಿದರೆ ಮೊಮ್ಮಗಳು ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಾಳೆ.

"ಐದೇ ನಿಮಿಷ ಕಣೇ. ಮಂಡಿ ಹಿಡ್ಕೊಂಡಿದೆ."

"ಅರ್ಧ ನಿಮಿಷನೂ ಇಲ್ಲ. ಬ್ಯಾಟರಿ ನಲವತ್ತಕ್ಕೆ ಇಳಿದಿದೆ."

"ಆಯ್ತು, ಮಂತ್ರಿಗಳೇ," ಎಂದು ಅಜ್ಜಿ ಕಾಲು ಹೊರಗೆ ತೆಗೆದಳು.

ನಿನ್ನೆಯಿಂದ ಮನೆಯಲ್ಲಿ ಮೊಮ್ಮಗಳಿಗೆ ಅದೇ ಹೆಸರು, ಕರೆಂಟ್ ಮಂತ್ರಿ. ಗಾಳಿಗೆ ಬೀದಿಯ ಕೊನೆಯ ಕಂಬ ಉರುಳಿಬಿದ್ದು ಸಾಲುಮನೆಗಳಿಗೆಲ್ಲ ಕರೆಂಟ್ ಹೋಗಿತ್ತು. ಇವರ ಮನೆಗೆ ಮಾತ್ರ ಛಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಇತ್ತು, ಮೆಟ್ಟಿಲ ಕೆಳಗೆ ಬ್ಯಾಟರಿ ಇತ್ತು. ಆದರೆ ನಾಲ್ಕು ದಿನದಿಂದ ಮೋಡ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಹಾಗಾಗಿ ಮಂತ್ರಿ ಮನೆಯ ಮುಕ್ಕಾಲು ಸ್ವಿಚ್ಚುಗಳ ಮೇಲೆ ಟೇಪ್ ಅಂಟಿಸಿ, ಮುಟ್ಟಿದವರಿಗೆ ಗ್ರಹಚಾರ ಕಾದಿದೆ ಎಂದು ಸಾರಿದ್ದಳು. ಅವಳಿನ್ನೂ ಐದನೇ ಕ್ಲಾಸು. ಆದರೂ ಎಲ್ಲರೂ ಕೇಳುತ್ತಿದ್ದರು, ಯಾಕೆಂದರೆ ಅಷ್ಟು ಕಟ್ಟುನಿಟ್ಟಾಗಿ ನೋಡಿಕೊಳ್ಳುವವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅದಕ್ಕೆ ಕಾರಣ ಅವಳ ಮೇಜಿನ ಮೇಲಿತ್ತು. ಥರ್ಮೋಕೋಲಿನ ಪೆಟ್ಟಿಗೆ, ಅದರೊಳಗೆ ಒಂದು ಬಲ್ಬು, ಪುಟ್ಟ ಫ್ಯಾನು, ಆರು ಬಾತುಕೋಳಿ ಮೊಟ್ಟೆ. ಅದು ಕ್ಲಾಸಿನ ಇನ್‌ಕ್ಯುಬೇಟರ್. ಗಾಳಿಮಳೆ ಅಂತ ಸ್ಕೂಲಿಗೆ ರಜೆ ಕೊಟ್ಟ ದಿನ, ಇದನ್ನು ಯಾರು ಮನೆಗೆ ಒಯ್ಯುತ್ತೀರಿ ಎಂದು ವಿಜ್ಞಾನದ ಮಿಸ್ ಕೇಳಿದ್ದರು. ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು ಇವಳೇ. "ನಮ್ಮನೇಲಿ ಕರೆಂಟ್ ಹೋಗೋದೇ ಇಲ್ಲ ಮಿಸ್," ಎಂದು ಇಡೀ ಕ್ಲಾಸಿಗೆ ಕೇಳುವ ಹಾಗೆ ಹೇಳಿದ್ದಳು.

ಮೊಟ್ಟೆಗಳು ಇವತ್ತೋ ನಾಳೆಯೋ ಒಡೆಯಬೇಕು. ಪೆಟ್ಟಿಗೆ ತಣ್ಣಗಾದರೆ ಮುಗಿಯಿತು, ಒಳಗಿರುವ ಮರಿ ಉಳಿಯುವುದಿಲ್ಲ. ಒಂದು ಮೊಟ್ಟೆಗೆ ಹುಡುಗರು ಪೆನ್ಸಿಲಿನಲ್ಲಿ ಮೀಸೆ ಬರೆದಿದ್ದರು. ರಾತ್ರಿ ಮಲಗುವಾಗ ಮಂತ್ರಿಗೆ ಆ ಮೀಸೆಯೇ ಕಣ್ಣ ಮುಂದೆ ಬರುತ್ತಿತ್ತು. ಹೊರಗೆ ಎಷ್ಟೇ ಜೋರು ಮಾಡಿದರೂ ಒಳಗೆ ಅವಳಿಗೆ ಭಯವಿತ್ತು.

ಅಮ್ಮ ಸಿಟಿ ಬಸ್ ಓಡಿಸುತ್ತಾಳೆ. ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ನಿನ್ನೆಯ ಯೂನಿಫಾರ್ಮನ್ನೇ ಮತ್ತೆ ಹಾಕಿಕೊಂಡು ಹೊರಟಿದ್ದಳು. ವಾಷಿಂಗ್ ಮಷೀನಿನ ಮೇಲೂ ಟೇಪ್ ಬಿದ್ದಿತ್ತಲ್ಲ. ಮೊಟ್ಟೆ ನೋಡ್ಕೋ, ಅಜ್ಜಿಯನ್ನೂ ನೋಡ್ಕೋ ಎಂದು ಹೇಳಿ, ಡ್ರೈವಿಂಗ್ ಮಾಡುವಾಗ ಫೋನ್ ಎತ್ತುವುದಿಲ್ಲ ಎಂದು ಇನ್ನೊಮ್ಮೆ ನೆನಪಿಸಿ ಹೋಗಿದ್ದಳು.

ಬೆಳಗಿನ ತಿಂಡಿ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಐಸ್‌ಕ್ರೀಮ್ ಮಾಮ ಬಂದರು. ತಳ್ಳುಗಾಡಿಯಲ್ಲಿ ಐಸ್‌ಕ್ರೀಮ್ ಮಾರುವ ಅವರು ಬಂದರೆ ಯಾವಾಗಲೂ ಒಂದು ಜೋಕ್ ಜೊತೆಗೇ ಬರುತ್ತಿದ್ದರು. ಇವತ್ತು ಬರಿಗೈಯಲ್ಲಿ, ಬರಿಬಾಯಲ್ಲಿ ಬಂದಿದ್ದರು. ಮನೆಯೊಳಗಿನ ದೊಡ್ಡ ಫ್ರೀಜರ್ ನಿನ್ನೆಯಿಂದ ಆಫ್ ಆಗಿದೆ, ಮುಚ್ಚಳ ತೆಗೆಯದೆ ಕಾಪಾಡಿಕೊಂಡಿದ್ದೇನೆ, ಇವತ್ತು ಸಂಜೆಯವರೆಗೆ ತಡೆಯುವುದು ಅನುಮಾನ ಎಂದರು. ಕೇಳುವುದಕ್ಕೇ ಅವರಿಗೆ ಸಂಕೋಚವಾಗುತ್ತಿತ್ತು. ಒಂದು ವೈರ್ ಎಳೆದುಕೊಳ್ಳಬಹುದೇ ಎಂದು ಅಜ್ಜಿಯ ಮುಖ ನೋಡಿದರು. ಅಜ್ಜಿ ಮಂತ್ರಿಯ ಮುಖ ನೋಡಿದಳು.

ಮಂತ್ರಿ ಮೆಟ್ಟಿಲ ಕೆಳಗಿದ್ದ ಡಿಸ್‌ಪ್ಲೇ ಹತ್ತಿರ ಅವರನ್ನು ಕರೆದುಕೊಂಡು ಹೋದಳು. ಅಲ್ಲಿ ಮೂರು ಚಿತ್ರಗಳಿದ್ದವು. ಸೂರ್ಯನ ಚಿತ್ರದ ಮುಂದಿನ ನಂಬರು ಛಾವಣಿಯಿಂದ ಬರುತ್ತಿರುವುದು. ಮನೆಯ ಚಿತ್ರದ ಮುಂದಿನದು ಖರ್ಚಾಗುತ್ತಿರುವುದು. ಬ್ಯಾಟರಿಯ ಮುಂದಿನದು ಉಳಿದಿರುವುದು. ಸೂರ್ಯ ಮನೆಗಿಂತ ಕಡಿಮೆ ಇತ್ತು, ಬ್ಯಾಟರಿ ಕರಗುತ್ತಿತ್ತು.

"ಆಗಲ್ಲ ಮಾಮ. ನಿಮ್ಮ ಫ್ರೀಜರ್ ಹಾಕಿದ್ರೆ ರಾತ್ರಿಗೆ ಮೊಟ್ಟೆಗೆ ಉಳಿಯಲ್ಲ."

ಮಾಮ ಒಂದು ಕ್ಷಣ ಆ ನಂಬರುಗಳನ್ನೇ ನೋಡಿ, ಸರಿ, ಜೀವ ಇರೋದು ಮೊದಲು ಎಂದು ಹೇಳಿ ಹೊರಟುಹೋದರು. ಆಮೇಲೆ ಕಿಟಕಿಯಿಂದ ನೋಡಿದರೆ, ಅವರು ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ತಂದು ಫ್ರೀಜರಿನ ಮೇಲೆ ಹೊದಿಸುತ್ತಿದ್ದರು. ತಾನು ಹೇಳಿದ್ದು ಸರಿಯಾಗಿಯೇ ಇದೆ ಎಂದು ಮಂತ್ರಿ ಮನಸ್ಸಿನಲ್ಲೇ ಎರಡು ಸಲ ಲೆಕ್ಕ ಹಾಕಿದಳು. ಲೆಕ್ಕ ಸರಿಯಾಗಿತ್ತು, ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲೆ ಕಿಟಕಿಯ ಸರಳುಗಳ ನೆರಳು ಬಿತ್ತು. ನಾಲ್ಕು ದಿನದಿಂದ ಮನೆಯೊಳಗೆ ನೆರಳೇ ಇರಲಿಲ್ಲ. ಮಂತ್ರಿ ತಟ್ಟೆ ಬಿಟ್ಟು ಎದ್ದು ಓಡಿದಳು. ಮೋಡ ಹರಿದು ಬಿಸಿಲು ಸುರಿಯುತ್ತಿತ್ತು. ಡಿಸ್‌ಪ್ಲೇಯಲ್ಲಿ ಸೂರ್ಯನ ನಂಬರು ಸಾವಿರ ದಾಟಿತ್ತು. ಬ್ಯಾಟರಿ ನಲವತ್ತೈದಾಯಿತು, ಐವತ್ತಾಯಿತು. ಅವಳು ಕುರ್ಚಿ ಎಳೆದುಕೊಂಡು ಅದರ ಮುಂದೆಯೇ ಕೂತಳು. ನಂಬರು ಏರಿದ ಹಾಗೆಲ್ಲ ಅವಳ ಬೆನ್ನು ನೆಟ್ಟಗಾಗುತ್ತಿತ್ತು.

ಬಿಸಿಲು ಬಂತಲ್ಲ, ಈಗಲಾದರೂ ಕಾಲು ಒತ್ತಿಸಿಕೊಳ್ಳಲೇ ಎಂದು ಅಜ್ಜಿ ಅರ್ಜಿ ಹಾಕಿದಳು. ತುಂಬಲಿ, ಮೊದಲು ಪೂರ್ತಿ ತುಂಬಲಿ ಎಂದು ಮಂತ್ರಿ ಕೈಯಾಡಿಸಿ ಅರ್ಜಿ ತಳ್ಳಿಹಾಕಿದಳು. ಕೂಡಿಡುವುದರಲ್ಲಿ ಅವಳಿಗೆ ಆಗಲೇ ರುಚಿ ಹತ್ತಿತ್ತು.

ಕೊನೆಗೂ ಬ್ಯಾಟರಿ ನೂರು ತೋರಿಸಿತು. ಪೆಟ್ಟಿಗೆಯ ಮುಂದೆ ನಿಂತು ಮೀಸೆಯ ಮೊಟ್ಟೆಗೆ ಈ ಸುದ್ದಿ ಹೇಳಿ, ಒಂದು ಲೋಟ ನೀರು ಕುಡಿದು ವಾಪಸ್ಸು ಬಂದಳು. ಬಂದು ನೋಡಿದರೆ ಸಾವಿರದ ಮೇಲಿದ್ದ ಸೂರ್ಯನ ನಂಬರು ನೂರ ಹತ್ತಕ್ಕೆ ಬಂದು ಕೂತಿತ್ತು.

ಮತ್ತೆ ಮೋಡ ಬಂತೇ? ಕಿಟಕಿಯ ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಹಾಗಾದರೆ ಪ್ಯಾನೆಲ್ ಮೇಲೆ ಏನೋ ಬಿದ್ದಿರಬೇಕು. ಒದ್ದೆ ಬಟ್ಟೆ ಹಿಡಿದು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದಳು. ಪ್ಯಾನೆಲ್‌ಗಳು ಮಳೆಗೆ ತೊಳೆದುಹೋಗಿ ಫಳಫಳ ಅನ್ನುತ್ತಿದ್ದವು. ಆದರೂ ಬಿಡದೆ ಕೈ ಎಟುಕುವಷ್ಟನ್ನು ಉಜ್ಜಿದಳು. ಕತ್ತು ಸುಟ್ಟಿತು, ಅಂಗೈ ಕೆಂಪಾಯಿತು. ಇಳಿದು ಬಂದರೆ ಅದೇ ನೂರ ಹತ್ತು.

ಅಮ್ಮನಿಗೆ ಫೋನ್ ಮಾಡುವ ಹಾಗಿಲ್ಲ. ಕೆಟ್ಟುಹೋಯಿತು, ಇನ್ನು ನಾಳೆಗೆ ಏನೂ ಬರುವುದಿಲ್ಲ ಅನಿಸಿತು. ಕರೆಂಟ್ ಹೋಗುವುದೇ ಇಲ್ಲ ಎಂದು ಹೇಳಿದ್ದ ಮಾತು ಈಗ ಕಿವಿಯಲ್ಲಿ ಗುಂಯ್‌ಗುಟ್ಟಿತು.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಗುರ್ರ್ ಎಂಬ ಸದ್ದು ಬಂತು. ಮಂತ್ರಿ ಛಾವಣಿ ಹತ್ತಿದ್ದಾಗ ಟೇಪ್ ಕಿತ್ತು ಕಾಲು ಒಳಗಿಟ್ಟು ಕೂತಿದ್ದ ಅಜ್ಜಿ ಈಗ ಸ್ವಿಚ್ ಒತ್ತಿದ್ದಳು. ಅವಳನ್ನು ಬೈಯಲು ಬಾಯಿ ತೆರೆದ ಮಂತ್ರಿ ಹಾಗೆಯೇ ನಿಂತಳು. ಸೂರ್ಯನ ನಂಬರು ನೂರ ಐವತ್ತಾಗಿತ್ತು.

"ಅಜ್ಜಿ, ಆಫ್ ಮಾಡು."

ಆಫ್ ಆಯಿತು. ನೂರ ಹತ್ತು.

"ಆನ್ ಮಾಡು."

ನೂರ ಐವತ್ತು. ಬ್ಯಾಟರಿ ನೂರರಿಂದ ಅಲ್ಲಾಡಲಿಲ್ಲ. ಮಂತ್ರಿ ಮತ್ತೆ ಆಫ್ ಅಂದಳು, ಮತ್ತೆ ಆನ್ ಅಂದಳು.

"ನನ್ನ ಕಾಲಿಗೇನು ಡ್ಯಾನ್ಸ್ ಕ್ಲಾಸ್ ಮಾಡಿಸ್ತಿದ್ದೀಯಾ?" ಎಂದಳು ಅಜ್ಜಿ.

ಮಂತ್ರಿಗೆ ನಗಲೂ ಆಗಲಿಲ್ಲ. ಬ್ಯಾಟರಿ ತುಂಬಿದ ಮೇಲೆ ಅವಳು ಈಗಲೇ ಮೊದಲ ಬಾರಿಗೆ ಸೂರ್ಯನ ನಂಬರನ್ನೂ ಮನೆಯ ನಂಬರನ್ನೂ ಒಟ್ಟಿಗೆ ನೋಡುತ್ತಿದ್ದಳು. ಎರಡೂ ಒಂದೇ ಆಗಿದ್ದವು. ಮನೆ ಎಷ್ಟು ಕೇಳುತ್ತದೋ ಛಾವಣಿ ಅಷ್ಟೇ ಕೊಡುತ್ತಿತ್ತು. ಯಾವುದೂ ಕೆಟ್ಟಿರಲಿಲ್ಲ. ಬ್ಯಾಟರಿ ತುಂಬಿತ್ತು, ಸ್ವಿಚ್ಚುಗಳ ಮೇಲೆಲ್ಲ ಟೇಪ್ ಇತ್ತು. ಇಷ್ಟು ಬಿಸಿಲಿಗೆ ಒಳಗೆ ಬರಲು ಜಾಗವೇ ಇರಲಿಲ್ಲ.

ಛಾವಣಿಯ ಮೇಲೆ ಬಟ್ಟೆ ಹಿಡಿದು ಉಜ್ಜುತ್ತಿದ್ದಷ್ಟು ಹೊತ್ತೂ ಆ ಬಿಸಿಲು ಯಾರಿಗೂ ಇಲ್ಲದೆ ಹೋಯಿತಲ್ಲ ಎಂದುಕೊಂಡಳು. ಪಕ್ಕದ ಗೋಡೆಯ ಆಚೆ ಕಂಬಳಿ ಹೊದ್ದ ಫ್ರೀಜರ್ ಇತ್ತು.

ಅವಳು ಮೊದಲು ವಾಷಿಂಗ್ ಮಷೀನಿನ ಟೇಪ್ ಕಿತ್ತು ಅಮ್ಮನ ಯೂನಿಫಾರ್ಮುಗಳನ್ನೆಲ್ಲ ಒಳಗೆ ತುರುಕಿ ಬಟನ್ ಒತ್ತಿದಳು. ಆಮೇಲೆ ಉದ್ದನೆಯ ಎಕ್ಸ್‌ಟೆನ್ಷನ್ ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಓಡಿದಳು.

ಐಸ್‌ಕ್ರೀಮ್ ಮಾಮ ಬಾಗಿಲಲ್ಲೇ ಕೂತಿದ್ದರು. ಗೋಡೆಯ ಮೇಲಿನಿಂದ ಇಳಿದು ಬಂದ ವೈರನ್ನು ನೋಡಿ ಅವರು ಕೈ ಚಾಚಲಿಲ್ಲ.

"ಮೊಟ್ಟೆಗೆ?"

"ಮೊಟ್ಟೆದು ಬ್ಯಾಟರಿಲಿ ಭದ್ರವಾಗಿದೆ ಮಾಮ, ನೂರಕ್ಕೆ ನೂರು. ಇದು ಅದರಲ್ಲಿ ಕಳೆಯೋದಲ್ಲ. ಈಗ ನೀವು ತಗೊಳ್ಳದಿದ್ರೆ ಯಾರಿಗೂ ಇಲ್ಲ."

ಮಾಮ ಕಂಬಳಿ ಸರಿಸಿ ಪ್ಲಗ್ ಹಾಕಿದರು. ಫ್ರೀಜರ್ ನಡುಗಿ, ಕೆಮ್ಮಿ, ಆಮೇಲೆ ಗೊಣಗಲು ಶುರುಮಾಡಿತು. ಮೇಲಿನ ಸಾಲು ಮೆತ್ತಗಾಗಿದೆ, ಕೆಳಗಿನದು ಇನ್ನೂ ಗಟ್ಟಿ ಇದೆ ಎಂದು ಮಾಮ ಕೈಹಾಕಿ ನೋಡಿ ಹೇಳಿದರು. ಆಮೇಲೆ ಚಳಿ ಹೆಚ್ಚಿಸುವ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದರು. ಬಿಸಿಲು ಇರುವಷ್ಟು ಹೊತ್ತು ಚಳಿ ತುಂಬಿಸಿಕೊಂಡರೆ, ಮುಚ್ಚಳ ತೆಗೆಯದೆ ನಾಳೆಯವರೆಗೆ ತಳ್ಳಬಹುದು ಎಂದರು. ಮಂತ್ರಿ ಅದನ್ನು ಕೇಳಿ ಕಣ್ಣರಳಿಸಿದಳು. ಹಾಗಾದರೆ ಫ್ರೀಜರ್ ಕೂಡ ಒಂದು ಬ್ಯಾಟರಿಯೇ.

ಮನೆಗೆ ಬಂದು ನೋಡಿದರೆ ಸೂರ್ಯನ ನಂಬರು ಮತ್ತೆ ಏಳುನೂರರ ಮೇಲಿತ್ತು. ಬ್ಯಾಟರಿ ನೂರರಲ್ಲೇ ಇತ್ತು. ಅವಳು ಅಜ್ಜಿಯನ್ನು ಮಷೀನಿನ ಸಮೇತ ಡಿಸ್‌ಪ್ಲೇ ಮುಂದೆ ಕೂರಿಸಿದಳು. ಬ್ಯಾಟರಿಯ ನಂಬರು ತೊಂಬತ್ತೆಂಟಕ್ಕೆ ಇಳಿದರೆ ಕೂಗಬೇಕು, ನಾನು ಗೋಡೆಯ ಹತ್ತಿರ ಇರುತ್ತೇನೆ ಎಂದಳು. ಅಜ್ಜಿ ಕಾಲು ಒತ್ತಿಸಿಕೊಳ್ಳುತ್ತಲೇ ಕಾವಲು ಕಾದಳು. ನಡುವೆ ದೊಡ್ಡದೊಂದು ಮೋಡ ಬಂದು ಕವಿದಾಗ ಅಜ್ಜಿಯ ಕೂಗು ಬಂತು, ಮಂತ್ರಿ ಆ ಕೂಗನ್ನು ಗೋಡೆಯಾಚೆ ದಾಟಿಸಿದಳು, ಮಾಮ ಪ್ಲಗ್ ತೆಗೆದರು. ಮೋಡ ಸರಿದ ಮೇಲೆ ಮತ್ತೆ ಹಾಕಿದರು. ಸಂಜೆ ಬಾನು ಪೂರ್ತಿ ಮುಚ್ಚಿಕೊಳ್ಳುವ ಹೊತ್ತಿಗೆ, ಇವಳು ಬಾಯಿ ತೆರೆಯುವ ಮೊದಲೇ ಮಾಮ ತಾವೇ ಪ್ಲಗ್ ತೆಗೆದು, ವೈರ್ ಸುತ್ತಿ ಗೋಡೆಯ ಮೇಲಿಟ್ಟಿದ್ದರು.

ಅಮ್ಮ ಬಂದಾಗ ಮಂತ್ರಿ ಎಲ್ಲವನ್ನೂ ಹೇಳಿದಳು. ಬೆಳಿಗ್ಗೆ ಇಲ್ಲ ಅಂದದ್ದನ್ನೂ ಬಿಡಲಿಲ್ಲ. ಬೆಳಿಗ್ಗೆ ಇದ್ದದ್ದೇ ಅಷ್ಟು, ಆಗ ಇಲ್ಲ ಅಂದದ್ದು ಸರಿಯೇ ಎಂದು ಅಮ್ಮ ಹೇಳಿದಳು. ಆಮೇಲೆ ಒಗೆದ ಯೂನಿಫಾರ್ಮನ್ನು ಮೂಸಿ ನೋಡಿ ಅವಳ ತಲೆ ನೇವರಿಸಿದಳು.

ಮರುದಿನ ಬೆಳಿಗ್ಗೆ ಮತ್ತೆ ಮೋಡ. ಮಂತ್ರಿ ಹಿತ್ತಲಿಗೆ ಬಂದಾಗ ಐಸ್‌ಕ್ರೀಮ್ ಮಾಮ ಗೋಡೆಯ ಆಚೆ ಹಲ್ಲುಜ್ಜುತ್ತಾ ನಿಂತಿದ್ದರು.

"ಈಗ ಆಗಲ್ಲ ಮಾಮ," ಎಂದಳು ಮಂತ್ರಿ. "ಬಿಸಿಲು ಬಂದ ತಕ್ಷಣ ನಾನೇ ಕರೀತೀನಿ."

"ಕರಿ. ಇಲ್ಲೇ ಇರ್ತೀನಿ."

ಆಗ ಒಳಗಿನಿಂದ ಅಜ್ಜಿ ಜೋರಾಗಿ ಕರೆದಳು. ಮೀಸೆಯ ಮೊಟ್ಟೆ ಬಿರುಕು ಬಿಟ್ಟಿದೆ, ಒಳಗಿನಿಂದ ಟಕ್ ಟಕ್ ಅನ್ನುತ್ತಿದೆ, ಬೇಗ ಬಾ ಅಂದಳು. ಬಂದೆ ಎಂದು ಕೂಗಿ ಮಂತ್ರಿ ಓಡಿದಳು. ಬಾಗಿಲಲ್ಲಿ ಮಾತ್ರ ಒಂದು ಗಳಿಗೆ ನಿಂತು ಮೇಲೆ ನೋಡಿದಳು. ದೂರದಲ್ಲಿ ಒಂದು ಕಡೆ ಮೋಡ ತೆಳ್ಳಗಾಗಿ ಬೆಳ್ಳಗಾಗುತ್ತಿತ್ತು. ಬೇಗ ಈ ಕಡೆ ಬರಲಿ ಎಂದು ಮನಸ್ಸಿನಲ್ಲಿ ಅಂದುಕೊಂಡಳು. ಅಂದುಕೊಂಡದ್ದು ಮೊಟ್ಟೆಗಳಿಗಾಗಿ ಅಲ್ಲ ಎಂದು ಆಮೇಲೆ ಅವಳಿಗೇ ತಿಳಿಯಿತು.