ಪೆಟ್ಟಿಲ್ಲದ ನಾದ

"ಎಬ್ಬಿಸಿದ ಮೇಲೆ ಹೊಡೀಲೇಬೇಕು," ಎಂದರು ಹಾರ್ಜೊ ದೊಡ್ಡಪ್ಪ. "ಎಬ್ಬಿಸಿ ಹೊಡೀದೆ ಬಿಟ್ರೆ ಅಜ್ಜ ತನ್ನ ಪೆಟ್ಟನ್ನ ತಾನೇ ಹುಡುಕ್ಕೊಂಡು ಹೊರಟುಬಿಡ್ತಾನೆ. ಆಮೇಲೆ ನನ್ನ ಕೇಳಬೇಡಿ."

ಸೆನೊ ನಕ್ಕ. "ಪೆಟ್ಟು ತಿನ್ನೋ ಆಸೆ ಅಷ್ಟಿದ್ರೆ ಅಜ್ಜನ್ನ ನಮ್ಮ ಗಣಿತದ ಮೇಷ್ಟ್ರ ಹತ್ರ ಕಳಿಸ್ಬೇಕಿತ್ತು ದೊಡ್ಡಪ್ಪ. ಒಂದೇ ವಾರದಲ್ಲಿ ಹೊಟ್ಟೆ ತುಂಬಿ ತೇಗ್ತಿದ್ದ."

ಲಾರಸ್ ಮೊಣಕೈಯಿಂದ ಅವನ ಪಕ್ಕೆ ತಿವಿದಳು. ದೊಡ್ಡಪ್ಪ ಲವಂಗದ ಸಿಗರೇಟಿನ ಹೊಗೆಯನ್ನು ಮೂಗಿನಿಂದ ಬಿಡುತ್ತ, "ನಗು, ಜಕಾರ್ತಾ ಹುಡುಗ, ನಗು. ಹಲ್ಲು ಚೆನ್ನಾಗಿವೆ," ಎಂದರು.

ಅಜ್ಜ ಎಂದರೆ ಜಾಗಟೆ. ಬೆಟ್ಟದ ಬುಡದ ದೊಡ್ಡಪ್ಪನ ಮನೆಯಲ್ಲಿ ಎಲ್ಲರೂ ಅದನ್ನು ಕರೆಯುತ್ತಿದ್ದದ್ದು ಹಾಗೆಯೇ. ನಡುಮನೆಯ ತೇಗದ ಚೌಕಟ್ಟಿಗೆ, ಎರಡು ಕೆತ್ತಿದ ಹಾವುಗಳ ನಡುವೆ, ಹಗ್ಗದಲ್ಲಿ ತೂಗುಬಿಟ್ಟ ಕಂಚಿನ ಮುದುಕ. ಒಬ್ಬ ಮನುಷ್ಯ ಮಂಡಿ ಮಡಿಸಿ ಅದರ ಹಿಂದೆ ಕೂತರೆ ಕಾಣಿಸುತ್ತಿರಲಿಲ್ಲ. ಅದರ ಕೆಳಗೆ ಗುರುವಾರ ಪೂಜೆಗಿಟ್ಟ ಹೂಗಳು ಬಾಡಿದ್ದವು. ಧೂಪದ ಬೂದಿ, ಹಳೆಯ ಲೋಹ, ಕೊಳೆತ ಗುಲಾಬಿ ಎಲ್ಲ ಸೇರಿ ಹಸಿಗಾಯದಂಥ ಒಂದು ವಾಸನೆ. ಹೊರಗೆ ಸುಡುವ ಮಧ್ಯಾಹ್ನ. ಬೂದಿ ಉಗುಳುವ ಮೆರಾಪಿ ಬೆಟ್ಟದ ಮರಳು ತುಂಬಿದ ಲಾರಿಗಳು ನರಳುತ್ತ ಇಳಿಯುತ್ತಿದ್ದವು.

ಒಂದು ಲಾರಿ ಹೋಗಿ ಇನ್ನೊಂದು ಬರುವುದರೊಳಗೆ ಧ್ವನಿಮುದ್ರಣ ಮುಗಿಯಬೇಕಿತ್ತು. ಸೆನೊ ಮೈಕುಗಳನ್ನು ಹತ್ತಿರ ಎಳೆದು ಕೈ ಎತ್ತಿದ.

ದೊಡ್ಡಪ್ಪ ಬಟ್ಟೆ ಸುತ್ತಿದ ಕೊಡತಿಯಿಂದ ಜಾಗಟೆಯ ನಡುವಿನ ಉಬ್ಬನ್ನು ಮೆಲ್ಲಗೆ ತಟ್ಟತೊಡಗಿದರು. ಮಲಗಿದ ಮಗುವಿನ ಬೆನ್ನು ತಟ್ಟಿದಷ್ಟೇ ಮೆಲ್ಲಗೆ. ಕಿವಿಗೆ ಏನೂ ಕೇಳಿಸಲಿಲ್ಲ. ಆದರೆ ಕಂಚು ನಡುಗಲು ಶುರುವಾದದ್ದು ಸೆನೊನ ಅಂಗಾಲಿಗೆ ತಿಳಿಯಿತು. ಎಬ್ಬಿಸುವುದೆಂದರೆ ಇದು. ಆಮೇಲೆ ದೊಡ್ಡಪ್ಪ ಕೊಡತಿ ಎತ್ತಿ ಹೊಡೆದರು.

ನಾದ ಹೊಟ್ಟೆಯೊಳಗೆ ಹುಟ್ಟಿತು. ಲೋಟದಲ್ಲಿದ್ದ ಚಹಾ ಉಂಗುರ ಉಂಗುರವಾಗಿ ನಡುಗಿತು.

*

ಆಲ್ಬಮ್ ಲಾರಸ್‌ಳದು. ಆಳೆತ್ತರದ ಪಿಟೀಲಿನಂಥ ಅವಳ ಚೆಲ್ಲೊ, ಬಿಮೊನ ಗಿಟಾರು. ಮಿಕ್ಸಿಂಗಿಗೆಂದು ಹೊಸದಾಗಿ ಬಂದು ಸೇರಿದವನು ಸೆನೊ. ಬೆಟ್ಟ ಬೂದಿ ಸುರಿಸಿ ಹಗಲೇ ಕತ್ತಲಾದ ದಿನ ಲಾರಸ್ ತಾಯಿಯನ್ನು ಕಳೆದುಕೊಂಡಿದ್ದಳು. ಮಾತಿಲ್ಲದ, ಹಾಡಿಲ್ಲದ ಆ ಸಂಗೀತವೆಲ್ಲ ಆ ದಿನದ್ದು. ತಳದಿಂದ ತೆವಳುತ್ತ ಬರುವ ಚೆಲ್ಲೊ, ಅದರ ಮೇಲೆ ಗೋಡೆಯಂತೆ ಏಳುವ ಗಿಟಾರು, ಎಲ್ಲದರ ಅಡಿಯಲ್ಲಿ ಅಜ್ಜನ ನಾದ.

ಜೋಗ್ಜಾ ನಗರದಲ್ಲಿ ಬಾತಿಕ್ ಬಟ್ಟೆಯ ಗೋದಾಮಿನ ಹಿಂದೆ ಅವರ ಸ್ಟುಡಿಯೊ. ಕಿಟಕಿಗಳಿಗೆ ಹಳೆಯ ಹಾಸಿಗೆ ತುರುಕಿದ್ದರಿಂದ ನಡುಹಗಲಲ್ಲೂ ಕಗ್ಗತ್ತಲು. ಬೂಷ್ಟು, ಕರಗಿದ ಮೇಣ, ಬಿಸಿಯಾದ ತಂತಿಗಳ ವಾಸನೆ. ಪರದೆಯ ಮೇಲೆ ಜಾಗಟೆಯ ಪ್ರತಿಯೊಂದು ಪೆಟ್ಟೂ ಒಂದು ಮುಳ್ಳಿನಂತೆ ಕಾಣುತ್ತಿತ್ತು. ಸೆನೊ ಆ ಮುಳ್ಳುಗಳನ್ನು ಒಂದೊಂದಾಗಿ ಕತ್ತರಿಸಿದ. ಎಬ್ಬಿಸುವ ತಟ್ಟುಗಳನ್ನು ಹಾಗೆಯೇ ಉಳಿಸಿಕೊಂಡ. ಈಗ ತಟ್ಟು, ತಟ್ಟು, ತಟ್ಟು. ಆಮೇಲೆ ಪೆಟ್ಟೇ ಇಲ್ಲದೆ, ನೆಲದೊಳಗಿಂದ ಯಾರೋ ಉಸಿರೆಳೆದುಕೊಂಡು ಏಳುವಂಥ ನಾದ.

"ದೊಡ್ಡಪ್ಪ ಏನಂದ್ರು, ಮರ್ತೆಯೇನೋ?" ಲಾರಸ್ ಬಾಗಿಲಲ್ಲೇ ನಿಂತಿದ್ದಳು.

"ಇದು ಜಾಗಟೆ ಅಲ್ಲ ಕಣೇ, ಜಾಗಟೆಯ ಫೋಟೊ. ಫೋಟೊಗೆ ಎಲ್ಲಾದ್ರೂ ಹಸಿವಾಗತ್ತಾ?"

"ಪೆಟ್ಟು ವಾಪಸ್ ಹಾಕು."

"ಮೊದ್ಲು ಕೇಳು."

ಅವಳು ಕೇಳಿದಳು. ಕತ್ತಲಲ್ಲಿ ಅವಳು ಮೂಗೆಳೆದುಕೊಂಡದ್ದು ಸೆನೊನಿಗೆ ಕೇಳಿಸಿತು. ಬೂದಿ ಬಿದ್ದ ದಿನ ಬೆಟ್ಟ ಹೀಗೇ ಉಸಿರಾಡಿತ್ತು ಎಂದಳು. ಆಮೇಲೆ, "ಇರ್ಲಿ ಬಿಡು," ಎಂದಳು.

ಡಿಸ್ಕ್ ತುಂಬಿತ್ತು. ಅಂದೇ ಸೆನೊ ಪೆಟ್ಟುಗಳಿದ್ದ ಮೂಲ ಧ್ವನಿಗಳನ್ನು ಅಳಿಸಿಹಾಕಿದ. ಆಲ್ಬಮ್ ಕ್ಯಾಸೆಟ್ಟಾಗಿ ಬಂತು, ಮಾರಾಟವೂ ಆಯಿತು. ಬಂಡುಂಗ್, ಸುರಬಾಯಾ, ಸಮುದ್ರದಾಚೆಯ ಊರುಗಳು. ಅಂಚೆಗೆ ಹಾಕಿ ಮುಗಿದ ಮೇಲೆ ತಮಗೆಂದು ಉಳಿಸಿಕೊಂಡ ಒಂದನ್ನು ಮೂವರೂ ಕೂತು ಕೇಳುವುದೆಂದಾಯಿತು.

*

ಬಿಮೊ ಸೋಯಾಕಾಳಿನ ಕರಿದ ತೆಂಪೆಯ ಪೊಟ್ಟಣ ತಂದಿದ್ದ. ದೈತ್ಯದೇಹಿ, ಕೂತರೆ ಸೋಫಾದಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ. "ಚಿಂತೆ ಮಾಡ್ಬೇಡಿ, ಅಳು ಬಂದ್ರೆ ತೆಂಪೆ ತಿನ್ನಿ," ಎಂದ. ಲಾರಸ್ ಚಿಲಕ ಹಾಕಿದಳು. ಸೆನೊ ದೀಪ ಆರಿಸಿದ.

ಚೆಲ್ಲೊ ತೆವಳಿತು. ಗಿಟಾರು ಎದ್ದಿತು. ಆಮೇಲೆ ಎಲ್ಲ ನಿಂತು ತಟ್ಟು, ತಟ್ಟು, ತಟ್ಟು.

ಕತ್ತಲು ಬಿಗಿಯಿತು. ಹಸಿಗಾಯದ ಆ ವಾಸನೆ ಸೆನೊನ ಗಂಟಲಿಗೇ ಬಂತು. ಎದೆಯ ಗೂಡು ನಡುಗತೊಡಗಿತು. ನಾದ ಏಳುತ್ತಿತ್ತು. ಏಳುತ್ತಲೇ ಇತ್ತು.

ಧಪ್.

ಒದ್ದೆ ಹಾಸಿಗೆಗೆ ಬಡಿದಂಥ ಸದ್ದು. ಆಮೇಲೆ ಬಿಮೊನ ಬಾಯಿಂದ ಮನುಷ್ಯರದ್ದಲ್ಲದ ಒಂದು ಗುಳುಗುಳು.

"ಲೈಟ್ ಹಾಕೋ! ಸೆನೊ, ಲೈಟ್!"

ದೀಪ ಹತ್ತಿಸಿದವಳು ಲಾರಸ್‌ಳೇ. ಬಿಮೊನ ದವಡೆ ಒಂದು ಕಡೆಗೆ ಜೋತುಬಿದ್ದಿತ್ತು. ತೆಂಪೆಯ ಕಾಗದದೊಳಗೆ ರಕ್ತ ಮತ್ತು ಹಲ್ಲುಗಳು. ಸೆನೊ ಬಾಗಿಲು ನೋಡಿದ. ಚಿಲಕ ಹಾಕಿದಂತೆಯೇ ಇತ್ತು.

"ಒಳಗೆ ಯಾರೋ ಇದಾರೆ," ಎಂದು ಕೂಗಿದ. "ಲಾರಸ್, ಗೋಡೆಗೆ ಬೆನ್ನು ಕೊಟ್ಟು ನಿಲ್ಲು!"

ಅವಳು ಗೋಡೆಗೆ ಒರಗಿದಳು. ಆದರೆ ಮೂಲೆಗಳನ್ನು ನೋಡಲಿಲ್ಲ. ಅವನನ್ನೇ ನೋಡುತ್ತಿದ್ದಳು.

ಟೇಪು ಓಡುತ್ತಲೇ ಇತ್ತು. ತಟ್ಟು, ತಟ್ಟು.

"ಸೆನೊ. ಕೈಯಲ್ಲಿರೋದನ್ನ ಕೆಳಗಿಡು."

ಅವನು ತನ್ನ ಕೈ ನೋಡಿಕೊಂಡ. ಮೈಕು ಸ್ಟ್ಯಾಂಡಿನ ಬುಡದ ಕಬ್ಬಿಣದ ತಟ್ಟೆ ಅಂಗೈಯಲ್ಲಿತ್ತು. ಅದರ ಅಂಚಿಗೆ ಬಿಮೊನ ಗಡ್ಡದ ಕೂದಲು ಅಂಟಿತ್ತು. ಕೆಳಗಿಡಬೇಕೆಂದುಕೊಂಡ. ತೋಳು ಮೇಲೇರಿತು. ಅದು ಅವನ ಮಾತು ಕೇಳುತ್ತಿರಲಿಲ್ಲ. ಎದೆಯೊಳಗಿನ ನಡುಕದ ಮಾತು ಕೇಳುತ್ತಿತ್ತು. ಬಿಮೊ ತೆವಳುತ್ತಿದ್ದ. ನಾದ ಎದ್ದಿತು. ತೋಳು ಇಳಿಯಿತು.

ಲಾರಸ್ ಚೆಲ್ಲೊವನ್ನು ಅಡ್ಡ ಹಿಡಿದಳು. ಮರ ಸೀಳಿತು. ತಂತಿಗಳು ಚಿಟ್ಟನೆ ಹರಿದು ಅವಳ ಕೆನ್ನೆ ಕೊಯ್ದವು. ಅವಳು ಮುರುಕುಗಳ ಮೇಲೆ ಹಾರಿ ಕ್ಯಾಸೆಟ್ಟನ್ನು ಕಿತ್ತಳು.

ನಾದ ನಿಂತಿತು. ಸೆನೊನ ಕೈಯಿಂದ ಕಬ್ಬಿಣ ಬಿತ್ತು.

"ನೀನೇ ಕಣೋ," ಎಂದಳು ಲಾರಸ್. "ನೀನೇ."

*

ಬಿಮೊ ಬದುಕಿದ. ಸ್ಪೀಕರ್ ಬಿತ್ತೆಂದು ಆಸ್ಪತ್ರೆಯಲ್ಲಿ ಲಾರಸ್ ಹೇಳಿದಳು. ಬಿಮೊನ ಮುರಿದ ದವಡೆಯಿಂದ ಮಾತು ಹೊರಡುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಸೆನೊನ ಮಣಿಕಟ್ಟುಗಳನ್ನು ವೈರಿನಿಂದ ಬಿಗಿದು, ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಅವಳು ದೊಡ್ಡಪ್ಪನ ಮನೆಗೆ ಬೆಟ್ಟದ ದಾರಿ ಹಿಡಿದಳು. ಕ್ಯಾಸೆಟ್ ಪುಡಿಪುಡಿಯಾಗಿತ್ತು. ಇನ್ನು ಕೇಳಿಸುವುದಕ್ಕೇನೂ ಇಲ್ಲ ಎಂದು ಇಬ್ಬರೂ ನಂಬಿದ್ದರು.

ಅರ್ಧ ದಾರಿಯಲ್ಲಿ ಸೆನೊನ ಎದೆ ನಡುಗಿತು.

ಎಲ್ಲೂ ಸಂಗೀತವಿರಲಿಲ್ಲ. ಮರಳಿನ ಲಾರಿಗಳು, ಜೀರುಂಡೆಗಳು, ಅಷ್ಟೇ. ಆದರೆ ಪಕ್ಕೆಲುಬಿನ ಒಳಗಡೆ ಯಾರೋ ಮೆಲ್ಲಗೆ ತಟ್ಟುತ್ತಿದ್ದರು. ಸುರಬಾಯಾದಲ್ಲೋ, ಸಮುದ್ರದಾಚೆಯೋ, ಯಾರೋ ಗುಂಡಿ ಒತ್ತಿದ್ದರು. ಅವನಿಗದು ಗೊತ್ತಾಯಿತು.

"ಲಾರಸ್, ನಿಲ್ಲಿಸು! ಇಳಿದು ಓಡು!"

ಅವಳಿಗೆ ಕೇಳಿಸಲಿಲ್ಲ. ಕಟ್ಟಿದ ಎರಡು ಕೈಗಳೂ ಒಟ್ಟಿಗೆ ಎದ್ದು ಅವಳ ಹೆಲ್ಮೆಟ್ಟಿನ ಮೇಲೆ ಬಿದ್ದವು. ಸ್ಕೂಟರು ಚರಂಡಿಗೆ ನುಗ್ಗಿತು. ಹೆಲ್ಮೆಟ್ ಸೀಳಿತ್ತು. ಅವಳ ಕಿವಿಯಿಂದ ರಕ್ತ ಇಳಿಯುತ್ತಿತ್ತು. ಆದರೂ ಎದ್ದಳು. ವೈರಿನ ತುದಿ ಹಿಡಿದು ದನವನ್ನು ಎಳೆದಂತೆ ಅವನನ್ನು ಎಳೆದುಕೊಂಡು ನಡೆದಳು.

ತೇಗದ ಚೌಕಟ್ಟು ಖಾಲಿಯಾಗಿತ್ತು. ಅಜ್ಜ ನೆಲದ ಮೇಲೆ, ಅಂಚಿನಿಂದ ನಡುವಿನ ಉಬ್ಬಿನವರೆಗೆ ಸೀಳಿ ಬಿದ್ದಿದ್ದ.

"ಯಾರೂ ಮುಟ್ಟಿರ್ಲಿಲ್ಲ," ಎಂದರು ದೊಡ್ಡಪ್ಪ. "ತಾನಾಗೇ ಸೀಳ್ತು. ಎಲ್ಲಿಗೆ ಹೋದನೋ ಅಂತ ಹುಡುಕ್ತಿದ್ದೆ." ಸೆನೊನ ಎದೆಗೆ ಕಿವಿ ಇಟ್ಟು ಕೇಳಿದರು. ಅವರ ಮುಖ ಕಪ್ಪಿಟ್ಟಿತು. "ಇಲ್ಲಿ ಬಂದು ಸೇರ್ಕೊಂಡಿದಾನೆ. ಪೆಟ್ಟುಗಳನ್ನ ಏನು ಮಾಡಿದೆ?"

"ಅಳಿಸಿಬಿಟ್ಟೆ ದೊಡ್ಡಪ್ಪ."

"ಕ್ಯಾಸೆಟ್‌ಗಳು?"

"ಎಲ್ಲಾ ಹೋದ್ವು," ಎಂದಳು ಲಾರಸ್. "ಜನ ಅದನ್ನ ಕಾಪಿನೂ ಮಾಡ್ಕೊಳ್ತಿದಾರೆ."

"ಹಾಗಾದ್ರೆ ನನ್ನ ಕೈ ಕತ್ತರಿಸಿ," ಎಂದ ಸೆನೊ. ಅವನ ಹಲ್ಲುಗಳು ಕಟಕಟಿಸುತ್ತಿದ್ದವು. "ಮಚ್ಚು ಇದೆಯಲ್ಲ, ಕತ್ತರಿಸಿ!"

"ಕೈ ಹೋದ್ರೆ ಕಾಲಲ್ಲಿ ಹೊಡೀತಾನೆ. ಕಾಲು ಹೋದ್ರೆ ಹಲ್ಲಲ್ಲಿ. ಎಬ್ಬಿಸಿದೀರಿ, ಪೆಟ್ಟು ಬೀಳ್ಲೇಬೇಕು. ನಿನ್ನಿಂದ ಬೀಳ್ಬಾರ್ದು ಅಂದ್ರೆ..." ದೊಡ್ಡಪ್ಪ ತಲೆ ಎತ್ತಿದರು. ಖಾಲಿ ಚೌಕಟ್ಟನ್ನು ನೋಡಿದರು.

ಸೆನೊನೂ ನೋಡಿದ. ಅರ್ಥವಾಯಿತು. ಬೇಡ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಎದೆ ತಟ್ಟಿತು.

ವೈರು ಹರಿಯಿತು. ಕೈಗೆ ತೇಗದ ಮಣೆ ಸಿಕ್ಕಿತು. ದೊಡ್ಡಪ್ಪ ತೋಳು ಅಡ್ಡ ಹಿಡಿದರು. ಮೂಳೆ ಮುರಿದ ಸದ್ದು ಒಣ ಬಿದಿರು ಮುರಿದಂತೆ. ದೊಡ್ಡಪ್ಪ ಬಿದ್ದರು. ಮಣೆ ಮತ್ತೆ ಎದ್ದಿತು. ಈ ಸಲ ಗುರಿ ಅವರ ತಲೆಗೆ. ಸೆನೊ ಕಿರುಚುತ್ತಿದ್ದ, ಅಳುತ್ತಿದ್ದ, ತೋಳು ಏರುತ್ತಲೇ ಇತ್ತು.

"ಹೊಡಿಯೇ!" ಅವನು ಲಾರಸ್‌ಳತ್ತ ಕೂಗಿದ. "ನನ್ನ ಹೊಡಿ!"

ಅವಳು ಕೊಡತಿ ಎತ್ತಿದಳು. ಅವನ ಎದೆಯ ನಡುವಿಗೆ ಹೊಡೆದಳು.

ನಾದ ಬಂತು. ಅವನ ಬಾಯಿಂದ, ಮೂಗಿಂದ, ಮೂಳೆಗಳಿಂದ. ಒಲೆಯ ಮೇಲಿನ ಪಾತ್ರೆಗಳು ನಡುಗಿದವು. ಮಣೆ ಕೈಜಾರಿತು. ನಾದ ಬಹಳ ಹೊತ್ತು ಉಳಿದು ಆರಿತು. ಆಮೇಲೆ ಶಾಂತಿ. ಎರಡು ಪಕ್ಕೆಲುಬು ಮುರಿದಿದ್ದರೂ ಅಂಥ ಶಾಂತಿಯನ್ನು ಸೆನೊ ಎಂದೂ ಕಂಡಿರಲಿಲ್ಲ.

*

ಈಗ ಅವನು ಎರಡು ಹಾವುಗಳ ನಡುವೆ, ಅಜ್ಜನ ಹಗ್ಗಗಳಲ್ಲೇ ತೂಗುತ್ತಾನೆ. ಗುರುವಾರ ಕಾಲಬುಡದಲ್ಲಿ ಹೂವು ಬೀಳುತ್ತದೆ. ದೊಡ್ಡಪ್ಪನ ಮುರಿದ ತೋಳು ಇನ್ನು ಕೊಡತಿ ಎತ್ತಲಾರದು. ಲಾರಸ್ ಎದುರಿಗೆ ಕೂತಿರುತ್ತಾಳೆ. ಚೆಲ್ಲೊ ಹಿಡಿಯುತ್ತಿದ್ದ ಅವಳ ಮೊಣಕಾಲುಗಳ ನಡುವೆ ಕೊಡತಿ.

ಬಿಸಿಲಿನ ಒಂದು ಮಧ್ಯಾಹ್ನ ಅವಳ ಫೋನು ಗುಂಯ್ ಎಂದಿತು. ಯಾವುದೋ ಊರಿನ ಯಾವುದೋ ಹುಡುಗಿ ಬರೆದಿದ್ದಳು. ಲಾರಸ್ ಅದನ್ನು ಒಡೆದ ದನಿಯಲ್ಲಿ ಓದಿದಳು:

"ಅಕ್ಕಾ, ನಿಮ್ಮ ಆಲ್ಬಮ್ ಸಿಕ್ತು. ಆ ಉಸಿರಿನಂಥ ಸದ್ದು ಇದೆಯಲ್ಲ, ಅದನ್ನ ಕೇಳದೆ ಈಗ ನಿದ್ದೇನೇ ಬರಲ್ಲ. ನಮ್ಮ ಹಾಸ್ಟೆಲ್ಲಿನವರಿಗೆಲ್ಲಾ ಕಾಪಿ ಮಾಡಿ ಕೊಟ್ಟೆ."

"ಎಷ್ಟು ಜನ ಇರ್ತಾರೆ ಹಾಸ್ಟೆಲ್ಲಲ್ಲಿ?" ಸೆನೊ ಕೇಳಿದ. ಅವನ ಧ್ವನಿ ಕಂಚಿನದಾಗಿತ್ತು.

ಅವಳು ಫೋನು ಕೆಳಗಿಟ್ಟಳು. ಪೆಟ್ಟು ತಿಂದು ನೀಲಿಗಟ್ಟಿದ ಅವನ ಎದೆಯ ಚರ್ಮ ಆಗಲೇ ಅದುರುತ್ತಿತ್ತು. ತಟ್ಟು, ತಟ್ಟು, ತಟ್ಟು. ಒಂದರ ಮೇಲೊಂದು. ಒಂದು ನಿಲ್ಲುವ ಮೊದಲೇ ಇನ್ನೊಂದು.

ಹಗ್ಗಗಳು ಕಿರುಗುಟ್ಟಿದವು.

ಲಾರಸ್ ಕಣ್ಣೊರೆಸಿಕೊಂಡಳು. ಎರಡೂ ಕೈಯಲ್ಲಿ ಕೊಡತಿ ಎತ್ತಿದಳು.