ವಾಪಸ್ ಕೊಟ್ಟ ನಡೆ

ಮಂಗಳವಾರ ಬೆಳಿಗ್ಗೆ ಠಾಣೆಗೆ ಬಂದ ದೂರನ್ನು ಹೆಡ್ ಕಾನ್‌ಸ್ಟೆಬಲ್ ಎರಡು ಸಲ ಓದಿದರು. ಮೊದಲ ಸಲ ಅರ್ಥವಾಗಲಿಲ್ಲ. ಎರಡನೆಯ ಸಲ ನಗು ಬಂತು. ನಗುವನ್ನು ಮೀಸೆಯೊಳಗೇ ಅಡಗಿಸಿಕೊಂಡು ಇನ್‌ಸ್ಪೆಕ್ಟರ್ ಕೋಣೆಗೆ ಹೋದರು.

"ಮೇಡಂ, ಚೆಸ್ ಆಟದಲ್ಲಿ ಮೋಸ ಆಗಿದೆಯಂತೆ."

"ಏನು ಕಳುವಾಗಿದೆ? ಕುದುರೆನಾ?"

"ಇಲ್ಲ ಮೇಡಂ. ಹೆಸರು."

ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. "ಒಳಗೆ ಕಳಿಸಿ."

ದೂರು ತಂದವಳು ಇಪ್ಪತ್ತರ ಆಸುಪಾಸಿನ ಹುಡುಗಿ. ಅವಳ ಜೊತೆ ಬಂದವರು ಚಿಕ್ಕಪ್ಪ, ಅಪ್ಪನ ತಮ್ಮ. ಅಪ್ಪ ಸರಕು ಹಡಗಿನಲ್ಲಿ ಅಡುಗೆಯವರು. ಮನೆಯಲ್ಲಿರುವುದಕ್ಕಿಂತ ನೀರಿನ ಮೇಲಿರುವುದೇ ಹೆಚ್ಚು. ಹುಡುಗಿಗೆ ಚೆಸ್ ಕಲಿಸಿದವರು, ಟೂರ್ನಮೆಂಟುಗಳಿಗೆ ಕರೆದುಕೊಂಡು ತಿರುಗಿದವರು ಈ ಚಿಕ್ಕಪ್ಪ. ಊರಿನ ಚೆಸ್ ಕ್ಲಬ್ ನಡೆಸುವವರೂ ಅವರೇ. ಅಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಾರೆ.

"ನಾನು ದೇಶದ ತಂಡಕ್ಕೆ ಆಯ್ಕೆ ಆಗಿದ್ದೀನಿ ಮೇಡಂ," ಎಂದಳು ಹುಡುಗಿ. "ಸೋಮವಾರ ಶಿಬಿರ ಶುರು. ರಾಜಧಾನಿಯಲ್ಲೇ ಇದ್ದು ತರಬೇತಿ. ಹೋದ ವಾರ ನಾನು ಆನ್‌ಲೈನ್‌ನಲ್ಲಿ ಆಡೋ ಚೆಸ್ ಜಾಲತಾಣ ನನ್ನ ಖಾತೆ ಮುಚ್ಚಿಬಿಟ್ಟಿದೆ. ಎಂಜಿನ್ ನೋಡ್ಕೊಂಡು ಆಡಿದ್ದೀನಂತೆ."

"ಎಂಜಿನ್ ಅಂದ್ರೆ?"

"ಚೆಸ್ ಆಡೋ ಪ್ರೋಗ್ರಾಮ್. ಯಾವ ನಡೆ ಸರಿ ಅಂತ ಅದೇ ಹೇಳುತ್ತೆ. ಫೋನಿನಲ್ಲೇ ಸಿಗುತ್ತೆ."

"ಪರೀಕ್ಷೇಲಿ ಚೀಟಿ ಇಟ್ಕೊಂಡ ಹಾಗೆ."

"ಚೀಟಿ ಅಲ್ಲ ಮೇಡಂ, ಪಕ್ಕದಲ್ಲಿ ಪ್ರೊಫೆಸರನ್ನೇ ಕೂರಿಸ್ಕೊಂಡ ಹಾಗೆ. ನನ್ನ ಖಾತೆಯಿಂದ ಯಾರೋ ನಾಲ್ಕು ಆಟ ಹಾಗೆ ಆಡಿದ್ದಾರೆ. ನಾನಲ್ಲ. ಚೆಸ್ ಒಕ್ಕೂಟ ನನ್ನ ಹೆಸರು ತಡೆಹಿಡಿದಿದೆ. ಶನಿವಾರದೊಳಗೆ ಕಳಂಕ ಹೋಗದಿದ್ರೆ ನನ್ನ ಜಾಗ ಇನ್ನೊಬ್ಬಳಿಗೆ."

ಚಿಕ್ಕಪ್ಪ ಮೆಲ್ಲಗೆ ಬಾಯಿ ಹಾಕಿದರು. "ಇದು ಪೊಲೀಸರ ತನಕ ಹೋಗೋ ವಿಷಯ ಅಲ್ಲ ಅಂತ ನಾನೂ ಹೇಳಿದೆ ಮೇಡಂ. ನಿಮಗೂ ನೂರೆಂಟು ಕೆಲಸ. ಮುಂದಿನ ವರ್ಷ ಮತ್ತೆ ಆಯ್ಕೆ ಇದ್ದೇ ಇರುತ್ತೆ."

"ಕಳ್ಳಿ ಅನ್ನಿಸ್ಕೊಂಡ್ರೆ ಮುಂದಿನ ವರ್ಷ ಯಾರು ಕರೀತಾರೆ ಚಿಕ್ಕಪ್ಪ?"

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದರು.

"ಮನೆಗೆ ನುಗ್ಗಿದ್ರೂ ಕಳ್ಳತನ, ಹೆಸರಿಗೆ ನುಗ್ಗಿದ್ರೂ ಕಳ್ಳತನ," ಎಂದರು ಇನ್‌ಸ್ಪೆಕ್ಟರ್. "ದೂರು ತಗೊಳ್ತೀವಿ. ಶನಿವಾರಕ್ಕೆ ಇನ್ನೂ ಟೈಮಿದೆ."

ಇನ್ನೊಬ್ಬರ ಗುರುತು ಬಳಸಿ ವಂಚಿಸಿದ ಆರೋಪದಡಿ, ಅಪರಿಚಿತ ವ್ಯಕ್ತಿಯ ವಿರುದ್ಧ ಎಫ್‌ಐಆರ್ ದಾಖಲಾಯಿತು.

ಜಾಲತಾಣದ ಕಂಪನಿಗೆ ಪತ್ರ ಹೋಯಿತು. ಉತ್ತರ ಮಾರನೆಯ ದಿನವೇ ಬಂತು. ಅದನ್ನು ಓದಿ ಹೇಳಿದವಳು ಠಾಣೆಯವರೆಲ್ಲ 'ಸೈಬರ್' ಎಂದೇ ಕರೆಯುವ ಮಹಿಳಾ ಕಾನ್‌ಸ್ಟೆಬಲ್. ನಾಲ್ಕೂ ಆಟಗಳು ಒಂದೇ ಕಡೆಯಿಂದ, ಚೆಸ್ ಕ್ಲಬ್ಬಿನ ಇಂಟರ್‌ನೆಟ್ ಸಂಪರ್ಕದಿಂದ ನಡೆದಿದ್ದವು. ನಾಲ್ಕೂ ಮಧ್ಯಾಹ್ನದ ಹೊತ್ತಿನವು.

ಇನ್‌ಸ್ಪೆಕ್ಟರ್ ಹುಡುಗಿಯನ್ನು ಒಬ್ಬಳನ್ನೇ ಕರೆಸಿದರು.

"ಮಧ್ಯಾಹ್ನ ಕ್ಲಬ್ಬಿಗೆ ಯಾರು ಬರ್ತಾರೆ?"

"ಯಾರೂ ಇಲ್ಲ. ಬಾಗಿಲು ಹಾಕಿರುತ್ತೆ. ಸಂಜೆ ತೆಗೆಯೋದು."

"ಬೀಗದ ಕೈ?"

"ಚಿಕ್ಕಪ್ಪನ ಹತ್ರ ಒಂದು, ಕಾರ್ಯದರ್ಶಿ ಹತ್ರ ಒಂದು." ಸ್ವಲ್ಪ ತಡೆದು ಸೇರಿಸಿದಳು. "ನನ್ನ ಹತ್ರ ಒಂದು."

"ಖಾತೆಯ ಪಾಸ್‌ವರ್ಡ್?"

"ನನಗೆ ಮಾತ್ರ ಗೊತ್ತು. ಆದ್ರೆ ಕ್ಲಬ್ಬಿನ ಕಂಪ್ಯೂಟರಲ್ಲಿ ಮಕ್ಕಳಿಗೆ ಆಟ ತೋರಿಸೋವಾಗ ಒಳಗೆ ಹೋಗಿದ್ದೆ. ಹೊರಗೆ ಬರೋದು ಮರೆತಿರಬಹುದು."

"ಮಧ್ಯಾಹ್ನ ನೀನೆಲ್ಲಿರ್ತೀಯಾ?"

"ಮನೇಲಿ. ಅಭ್ಯಾಸ ಮಾಡ್ತಾ."

"ನೋಡಿದವರು?"

"ಯಾರೂ ಇಲ್ಲ ಮೇಡಂ. ನಾನೇ ಮೋಸ ಮಾಡಿದ್ರೆ ಠಾಣೆಗೆ ಬರ್ತಿದ್ನಾ?"

"ಬರ್ತಾರೆ. ಮನೆಗೆ ತಾವೇ ಬೆಂಕಿ ಹಚ್ಚಿ ಬಕೆಟ್ ಹಿಡ್ಕೊಂಡು ಮೊದಲು ಓಡಿ ಬಂದವರನ್ನ ನೋಡಿದ್ದೀನಿ."

ಹುಡುಗಿ ಅಳಲಿಲ್ಲ. ಮೇಜಿನ ಮೇಲೆ ಮಡಿಸಿಟ್ಟ ಕೈಗಳನ್ನು ನೋಡುತ್ತ ಕೂತಳು. ಎದುರಾಳಿ ಯೋಚಿಸುವಾಗ ಕಾಯುವುದು ಅವಳಿಗೆ ಅಭ್ಯಾಸವಿತ್ತು.

ಗುರುವಾರ ಸಂಜೆ ಪೊಲೀಸರು ಕ್ಲಬ್ಬಿಗೆ ಹೋದರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ. ಕಿರಿದಾದ ಮೆಟ್ಟಿಲಿನುದ್ದಕ್ಕೂ ರಬ್ಬರ್ ದ್ರಾವಣದ ವಾಸನೆ. ಒಳಗೆ ಸಾಲಾಗಿ ಮೇಜುಗಳು, ಪ್ರತಿ ಮೇಜಿಗೆ ಎರಡು ಕುರ್ಚಿ. ಕಿಟಕಿ ಪಕ್ಕದ ಮೇಜಿನ ಕುರ್ಚಿಗಳು ಮಾತ್ರ ಕೂತು ಕೂತು ನುಣುಪಾಗಿದ್ದವು. ಕಂಪ್ಯೂಟರ್ ಮೂಲೆಯಲ್ಲಿತ್ತು. ಸೈಕಲ್ ಅಂಗಡಿಯವನೂ ಎದುರಿನ ದರ್ಜಿಯೂ ಸಾಕ್ಷಿಗೆ ನಿಂತ ಪಂಚರು. ಸೈಬರ್ ಕಂಪ್ಯೂಟರನ್ನು ಪರೀಕ್ಷಿಸಿ, ಸೀಲ್ ಮಾಡಿ ಪಂಚನಾಮೆ ಬರೆಯುತ್ತ ಕೂತಳು. ಹುಡುಗಿ ತನ್ನ ಖಾತೆಯಿಂದ ಹೊರಬರದೆ ಹಾಗೇ ಬಿಟ್ಟಿದ್ದು ಅದರಲ್ಲಿ ಕಂಡಿತು. ಎಂಜಿನ್ ಮಾತ್ರ ಅದರಲ್ಲಿರಲಿಲ್ಲ. ಆಡಿದವರು ಅದನ್ನು ಬೇರೆ ಯಾವುದರಲ್ಲೋ ನೋಡಿಕೊಂಡಿದ್ದರು.

ಕಾರ್ಯದರ್ಶಿ ಅಂಚೆ ಇಲಾಖೆಯಿಂದ ನಿವೃತ್ತರಾದವರು. ಕೇಳಿದ್ದಕ್ಕಿಂತ ಹೆಚ್ಚೇ ಹೇಳುವ ಜಾತಿ.

"ನನ್ನ ಮೇಲೆ ಅನುಮಾನನಾ? ಅವಳು ತಂಡಕ್ಕೆ ಹೋದ್ರೆ ಕ್ಲಬ್ಬಿಗೆ ಹೆಸರು. ಮೆಟ್ಟಿಲ ಹತ್ರ ಹಾಕೋಕೆ ಬೋರ್ಡು ಕೂಡ ಬರೆಸಿಟ್ಟಿದ್ದೆ. ಈಗ ಅದನ್ನ ಮನೇಲಿ ಅಕ್ಕಿ ಡಬ್ಬದ ಮೇಲೆ ಮುಚ್ಚಿಟ್ಟಿದ್ದೀನಿ."

ಬರೆಯುವುದು ಮುಗಿಯುವ ತನಕ ಹೆಡ್ ಕಾನ್‌ಸ್ಟೆಬಲ್‌ಗೆ ಬೇರೆ ಕೆಲಸವಿರಲಿಲ್ಲ. ಕಿಟಕಿ ಪಕ್ಕದ ಮೇಜಿನಲ್ಲಿ ಚಿಕ್ಕಪ್ಪನ ಎದುರು ಕೂತು ಒಂದು ಆಟ ಹಾಕಿದರು. ಜೀಪಿನಲ್ಲಿ ಫೋನ್ ಹಿಡಿದು ದಿನವೂ ಸೋಲುವ ಅನುಭವ ಅವರಿಗಿತ್ತು. ಸ್ವಲ್ಪ ಹೊತ್ತಿನಲ್ಲೇ ಅವರು ಮಂತ್ರಿಯನ್ನು ನೇರವಾಗಿ ಎದುರಾಳಿಯ ಆನೆಯ ಬಾಯಿಗೆ ಇಟ್ಟರು.

ಚಿಕ್ಕಪ್ಪ ಕೈ ಮುಂದೆ ಚಾಚಲಿಲ್ಲ. "ಕೈ ಜಾರಿತು ಅಂತ ಕಾಣುತ್ತೆ. ವಾಪಸ್ ತಗೊಳ್ಳಿ."

"ಜಾರಿಲ್ಲ ಮೇಷ್ಟ್ರೇ. ಯೋಚನೆ ಮಾಡೇ ಇಟ್ಟಿದ್ದು."

"ಯೋಚನೆ ಮಾಡಿದ್ದಾ?"

"ಹೂಂ."

"ಹಾಗಾದ್ರೆ ಸರಿ," ಎಂದು ಅವರು ಮಂತ್ರಿಯನ್ನು ಎತ್ತಿ ಪೆಟ್ಟಿಗೆಗೆ ಹಾಕಿದರು. ದರ್ಜಿ ನಕ್ಕುಬಿಟ್ಟ.

"ಕೈ ಜಾರಿದ್ದಕ್ಕೆ ಗೆಲ್ಲಬಾರದು ಅನ್ನೋದು ಇವರ ನಿಯಮ," ಎಂದರು ಕಾರ್ಯದರ್ಶಿ. "ನನ್ನದು ಹಾಗಲ್ಲಪ್ಪ. ನಾನು ಕಟ್ಟಿಕೊಂಡವಳಿಗೂ ಒಂದು ನಡೆ ವಾಪಸ್ ಕೊಟ್ಟಿಲ್ಲ."

"ಅದಕ್ಕೇ ಅವರು ಆಡೋದು ಬಿಟ್ಟಿದ್ದು," ಎಂದರು ಚಿಕ್ಕಪ್ಪ.

ಇನ್‌ಸ್ಪೆಕ್ಟರ್ ಕಿಟಕಿಯ ಹತ್ತಿರ ನಿಂತು ಇದನ್ನೆಲ್ಲ ಕೇಳಿಸಿಕೊಂಡರು. ಆಗ ಅದಕ್ಕೆ ವಿಶೇಷ ಅರ್ಥವೇನೂ ಕಾಣಲಿಲ್ಲ.

ಅರ್ಥ ಕಂಡದ್ದು ಶುಕ್ರವಾರ ಬೆಳಿಗ್ಗೆ. ಆ ನಾಲ್ಕು ಆಟಗಳಲ್ಲಿ ಸೋತವರ ವಿಳಾಸಗಳನ್ನು ಸೈಬರ್ ಜಾಲತಾಣದಿಂದ ಪಡೆದಿದ್ದಳು. ಮೂವರು ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ನಾಲ್ಕನೆಯವರು ದೂರದ ಊರಿನ ಔಷಧಿ ಅಂಗಡಿಯ ಯಜಮಾನರು. ಇನ್‌ಸ್ಪೆಕ್ಟರ್ ಫೋನನ್ನು ಸ್ಪೀಕರಿಗೆ ಹಾಕಿಸಿದರು.

"ನಾನು ಸೋತಿದ್ದು ಎಂಜಿನ್‌ಗೇ ಮೇಡಂ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇಷ್ಟು ಮರ್ಯಾದಸ್ಥ ಕಳ್ಳನ್ನ ನಾನು ಕಂಡಿಲ್ಲ."

"ಅಂದ್ರೆ?"

"ಮಧ್ಯದಲ್ಲಿ ಯಾರೋ ಗಿರಾಕಿ ಬಂದ್ರು. ಬೆರಳು ಜಾರಿ ಮಂತ್ರಿ ಎಲ್ಲೋ ಕೂತ್ಕೊಂಡುಬಿಡ್ತು. ನಡೆ ವಾಪಸ್ ಬೇಕು ಅಂತ ಕೇಳೋಕೆ ಒಂದು ಗುಂಡಿ ಇರುತ್ತೆ, ಒತ್ತಿದೆ. ಕೊಡ್ತಾರೆ ಅಂತ ಆಸೆ ಇರಲಿಲ್ಲ. ಒಪ್ಪದಿದ್ರೆ ಆಟ ಅಲ್ಲೇ ಮುಗೀತಿತ್ತು. ತಕ್ಷಣ ಒಪ್ಪಿದ್ರು. ಆಮೇಲೆ ನೆಟ್ಟಗೆ ಚಚ್ಚಿದ್ರು, ಆ ಮಾತು ಬೇರೆ."

ಫೋನ್ ಇಟ್ಟ ಮೇಲೆ ಹೆಡ್ ಕಾನ್‌ಸ್ಟೆಬಲ್ ಮೀಸೆ ಮುಟ್ಟಿಕೊಂಡರು. "ಮೇಡಂ, ನಿನ್ನೆ ನನ್ನ ಮಂತ್ರಿ..."

"ಹೂಂ. ಮೊದಲು ಹುಡುಗಿನ ಕರೆಸಿ. ಒಂದೇ ಪ್ರಶ್ನೆ ಇದೆ."

ಹುಡುಗಿ ಬಂದು ನಿಂತೇ ಇದ್ದಳು.

"ಆನ್‌ಲೈನ್ ಆಟದಲ್ಲಿ ಎದುರಿನವರು ನಡೆ ವಾಪಸ್ ಕೇಳಿದ್ರೆ ಏನು ಮಾಡ್ತೀಯಾ?"

"ಕೊಡಲ್ಲ. ಟೂರ್ನಮೆಂಟಲ್ಲಿ ನನಗೆ ಯಾರು ಕೊಡ್ತಾರೆ? ಅದಕ್ಕೇ ಯಾವಾಗ್ಲೂ ಚಿಕ್ಕಪ್ಪ ನನ್ನ..."

ಮಾತು ಅಲ್ಲಿಗೇ ನಿಂತಿತು. ಅವಳು ನಿಧಾನವಾಗಿ ಕುರ್ಚಿ ಎಳೆದುಕೊಂಡು ಕೂತಳು. ಮುಂದಿನ ನಡೆಗಳನ್ನೆಲ್ಲ ಕೊನೆಯ ತನಕ ನೋಡಿಬಿಟ್ಟವರ ಮುಖ ಅದು. ಇನ್‌ಸ್ಪೆಕ್ಟರ್ ಒಂದು ಲೋಟ ನೀರು ತರಿಸಿಕೊಟ್ಟರು. ಅವಳು ಅದನ್ನು ಮುಟ್ಟಲಿಲ್ಲ.

ಮಧ್ಯಾಹ್ನ ಚಿಕ್ಕಪ್ಪ ಠಾಣೆಗೆ ಬಂದರು. ಕ್ಲಬ್ಬಿನಿಂದ ನೇರವಾಗಿ ಬಂದಿದ್ದರು. ಗಡಿಬಿಡಿಯಲ್ಲಿ ಕನ್ನಡಕ ಅಲ್ಲೇ ಬಿಟ್ಟಿದ್ದರು. ಮೇಜಿನ ಮೇಲೆ ಹೆಡ್ ಕಾನ್‌ಸ್ಟೆಬಲ್ ತಂದಿಟ್ಟ ಚೆಸ್ ಬೋರ್ಡು ಇತ್ತು. ಔಷಧಿ ಅಂಗಡಿಯವರ ಆಟದಲ್ಲಿ ಮಂತ್ರಿ ತಪ್ಪು ಮನೆಗೆ ಹೋದ ಕ್ಷಣವನ್ನು ಸೈಬರ್ ಅದರ ಮೇಲೆ ಜೋಡಿಸಿದ್ದಳು.

"ಈ ಆಟ ಗೊತ್ತಾ?"

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಅವಳ ಖಾತೆಯದ್ದು."

"ಎದುರಾಳಿ ಈ ನಡೆ ಆಡಿದ. ಮಂತ್ರಿ ಪುಕ್ಕಟೆ ಸಿಗ್ತಿತ್ತು. ಎಂಜಿನ್ನೂ ಹೊಡಿ ಅಂತಾನೇ ಹೇಳಿರುತ್ತೆ. ಯಾಕೆ ಹೊಡೀಲಿಲ್ಲ?"

"ಅದು ನಡೆ ಅಲ್ಲ ಮೇಡಂ. ಬೆರಳು ಜಾರಿದ್ದು. ಅದನ್ನ ಹೇಗೆ..."

ಅವರು ನಿಲ್ಲಿಸಿದರು. ಇನ್‌ಸ್ಪೆಕ್ಟರ್ ಅವಸರ ಮಾಡಲಿಲ್ಲ. ಇಪ್ಪತ್ತು ವರ್ಷದ ಕೆಲಸದಲ್ಲಿ ಅವರು ಕಲಿತದ್ದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಸುಮ್ಮನಿರುವುದು. ಹೊರಗೆ ಯಾರದೋ ಸ್ಕೂಟರ್ ಎರಡು ಸಲ ಕೆಮ್ಮಿ ಶುರುವಾಯಿತು.

"ಬೆರಳು ಜಾರಿದ್ದು ಅಂತ ನಿಮಗೆ ಹೇಗೆ ಗೊತ್ತು, ಮೇಷ್ಟ್ರೇ? ಔಷಧಿ ಅಂಗಡಿಯವರು ಅದನ್ನ ಹೇಳಿದ್ದು ಇವತ್ತು ಬೆಳಿಗ್ಗೆ. ನಮಗೆ ಮಾತ್ರ."

ಚಿಕ್ಕಪ್ಪ ಜೇಬಿನಿಂದ ಫೋನ್ ತೆಗೆದು ಬೋರ್ಡಿನ ಪಕ್ಕದಲ್ಲಿ ಇಟ್ಟರು. "ಎಂಜಿನ್ ಇದರಲ್ಲಿದೆ. ನಾಲ್ಕೂ ಆಟ ಇದರಲ್ಲಿವೆ. ಅಳಿಸಿಲ್ಲ."

"ಯಾಕೆ ಅಳಿಸಲಿಲ್ಲ?"

"ಆಡಿದ ಆಟ ಅಳಿಸೋ ಅಭ್ಯಾಸ ಇಲ್ಲ."

"ಯಾರಾದ್ರೂ ಹೇಳಿ ಮಾಡಿಸಿದ್ದಾ? ಅವಳ ಜಾಗಕ್ಕೆ ಬರೋ ಹುಡುಗಿಯ ಕಡೆಯವರು?"

"ಅಯ್ಯೋ ಇಲ್ಲ ಮೇಡಂ. ಆ ಮಗು ಯಾರು ಅಂತಾನೂ ಗೊತ್ತಿಲ್ಲ." ಅವರು ಬೋರ್ಡಿನ ಮೇಲಿದ್ದ ಮಂತ್ರಿಯನ್ನು ಅದರ ಹಳೆಯ ಮನೆಗೆ ಸರಿಸಿದರು. "ಒಂದು ವರ್ಷ ತಡ ಆಗ್ಲಿ ಅಂತ. ಅಷ್ಟೇ ಅಂದುಕೊಂಡಿದ್ದು. ಕಳ್ಳಿ ಅಂತಾರೆ ಅನ್ನೋದು ತಲೆಗೆ ಬರಲೇ ಇಲ್ಲ. ಅವಳು ಬಾಯಿ ಬಿಟ್ಟು ಹೇಳಿದಾಗ್ಲೇ ಗೊತ್ತಾಗಿದ್ದು."

"ಆಗಲೇ ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು."

"ತಡ ಆಗ್ಲಿ ಅಂತ ಯಾಕೆ?"

ಅವರು ಬೋರ್ಡನ್ನು ಮೇಜಿನ ಅಂಚಿಗೆ ನೇರವಾಗಿ ಸರಿಸಿಟ್ಟರು.

"ಸಂಜೆ ಎಲ್ಲರೂ ಹೋದ ಮೇಲೆ ಕಿಟಕಿ ಹತ್ರ ಕೂತು ಒಂದು ಆಟ ಆಡ್ತೀವಿ. ಅವಳ ಕಾಲು ನೆಲಕ್ಕೆ ತಾಗದ ಕಾಲದಿಂದ. ಮೊದಲು ನಾನು ಗೆಲ್ತಿದ್ದೆ. ಈಗ ದಿನಾ ಸೋಲ್ತೀನಿ. ಅವಳು ಹೋದ್ರೆ ಈ ಊರಲ್ಲಿ ನನ್ನ ಸೋಲಿಸೋರು ಯಾರಿದ್ದಾರೆ ಮೇಡಂ?"

ಸೈಬರ್ ಬರೆಯುತ್ತಿದ್ದವಳು ಒಮ್ಮೆ ತಲೆ ಎತ್ತಿ, ಮತ್ತೆ ಬರೆಯತೊಡಗಿದಳು.

ಫೋನ್ ಜಪ್ತಿಯಾಯಿತು. ಹೇಳಿಕೆಯನ್ನು ಓದಿ ಹೇಳಿ ಸಹಿ ಪಡೆದರು. ಸಂಜೆ ಐದಕ್ಕೆ ಬಂಧನ ದಾಖಲಾಯಿತು. ತನಿಖಾ ವರದಿಯ ಪ್ರತಿ ಚೆಸ್ ಒಕ್ಕೂಟಕ್ಕೂ ಜಾಲತಾಣಕ್ಕೂ ಹೋಯಿತು. ಖಾತೆ ಮತ್ತೆ ತೆರೆದಿದೆ, ಹೆಸರಿನ ಮೇಲಿನ ತಡೆ ತೆಗೆದಿದೆ ಎಂದು ಒಕ್ಕೂಟದಿಂದ ಉತ್ತರ ಬಂದದ್ದು ಶನಿವಾರ ಬೆಳಿಗ್ಗೆ, ಚಿಕ್ಕಪ್ಪನನ್ನು ನ್ಯಾಯಾಲಯಕ್ಕೆ ಕರೆದೊಯ್ಯಲು ಜೀಪು ತಯಾರಾಗುತ್ತಿದ್ದಾಗ.

ಸುದ್ದಿ ಕೇಳಲು ಬಂದ ಹುಡುಗಿ ಉತ್ತರವನ್ನು ಓದಿ ಮಡಿಸಿ ಚೀಲದಲ್ಲಿಟ್ಟಳು. ಖುಷಿಪಡಲಿಲ್ಲ. ಚಿಕ್ಕಪ್ಪ ಠಾಣೆಯ ವರಾಂಡದ ಬೆಂಚಿನ ಮೇಲೆ ಹೆಡ್ ಕಾನ್‌ಸ್ಟೆಬಲ್ ಪಕ್ಕ ಕೂತಿದ್ದರು. ಅವಳು ಆ ಕಡೆ ನೋಡದೆ ಇನ್‌ಸ್ಪೆಕ್ಟರನ್ನು ಕೇಳಿದಳು.

"ಕೊಟ್ಟ ದೂರು ವಾಪಸ್ ತಗೊಳ್ಳೋಕೆ ಆಗುತ್ತಾ ಮೇಡಂ?"

"ಅದನ್ನ ನ್ಯಾಯಾಧೀಶರ ಮುಂದೆ ಕೇಳಬೇಕು. ಒಪ್ಪೋದು ಬಿಡೋದು ಅವರಿಗೆ ಬಿಟ್ಟಿದ್ದು. ಕೇಳ್ತೀಯಾ?"

ಅವಳು ಬಾಯಿ ತೆರೆಯುವ ಮೊದಲೇ ಬೆಂಚಿನಿಂದ ದನಿ ಬಂತು.

"ಬೇಡ. ಕೈ ಜಾರಿದ್ದಲ್ಲ ಅದು."

ಹೆಡ್ ಕಾನ್‌ಸ್ಟೆಬಲ್ ಮುಖ ಬೇರೆ ಕಡೆ ತಿರುಗಿಸಿದರು. ಹುಡುಗಿ ಹೋಗಿ ಬೆಂಚಿನ ಮುಂದೆ ನಿಂತಳು. ಬಹಳ ಹೊತ್ತು ಇಬ್ಬರೂ ಏನೂ ಮಾತಾಡಲಿಲ್ಲ. ಅವರು ಹಾಗೆ ಎದುರುಬದುರಾಗಿ ಸುಮ್ಮನಿದ್ದದ್ದು ಅದೇ ಮೊದಲೇನಲ್ಲ.

ಕೊನೆಗೆ ಅವಳು ಚೀಲದಿಂದ ಕನ್ನಡಕ ತೆಗೆದಳು. ಕ್ಲಬ್ಬಿನ ಕಿಟಕಿ ಪಕ್ಕದ ಮೇಜಿನ ಮೇಲೆ ಸಿಕ್ಕಿದ್ದು. ಗಾಜನ್ನು ದುಪಟ್ಟಾದ ಅಂಚಿನಲ್ಲಿ ಒರೆಸಿ ಅವರ ಕೈಗಿಟ್ಟಳು.

"ಸೋಮವಾರ ಬೆಳಿಗ್ಗೆ ಹೊರಡ್ತೀನಿ ಚಿಕ್ಕಪ್ಪ."

"ಹೂಂ," ಎಂದರು ಅವರು. ಕನ್ನಡಕ ಹಾಕಿಕೊಂಡು ಜೀಪಿನ ಕಡೆ ನಡೆದರು.