ಅರ್ಧ ಗೇಣಿನ ದೂರ

"ಕನ್ನಡಕ ತೆಗೀರಿ."

ಅಂಗಡಿಯವನು ಹೇಳಿದ್ದು ಅಷ್ಟೇ. ಅವಳು ಮಾತ್ರ ಕನ್ನಡಕವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಮೈನಸ್ ಒಂಬತ್ತು ಪವರಿನವರಿಗೆ ಈ ಮಾತಿನ ಕಷ್ಟ ಗೊತ್ತು. ಕನ್ನಡಕ ತೆಗೆದರೆ ಎದುರಿಗಿರುವ ಮನುಷ್ಯ ಬರೀ ಬಣ್ಣದ ಗುಡ್ಡೆ. ಅವನು ನಗುತ್ತಿದ್ದಾನೋ, ಮುಖ ಸಿಂಡರಿಸಿಕೊಂಡಿದ್ದಾನೋ ದೇವರೇ ಬಲ್ಲ.

"ತೆಗೀಲೇಬೇಕಾ?"

"ತೆಗೀದೇ ಇದ್ರೆ ಹೊಸ ಫ್ರೇಮು ಎಲ್ಲಿ ಕೂರಿಸ್ಲಿ? ಹಣೆ ಮೇಲಾ?"

ಅವಳು ನಗಲಿಲ್ಲ. ತುಟಿ ಬಿಗಿಹಿಡಿದು, ಎರಡೂ ಕೈಯಿಂದ ಕನ್ನಡಕ ತೆಗೆದು ಅವನ ಅಂಗೈಗಿಟ್ಟಳು. ಅದರ ಒಂದು ಕಡ್ಡಿ ಮುರಿದು ಹತ್ತು ದಿನವಾಗಿತ್ತು. ಮುರಿದ ಕಡೆ ನೀಲಿ ದಾರ ಸುತ್ತಿತ್ತು.

ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಇನ್ನೇನು, ನಗುತ್ತಾನೆ ಎಂದುಕೊಂಡಳು.

"ಇದನ್ನ ಸುತ್ತಿದ್ದು ಯಾರು?"

"ನಾನೇ."

"ಗಂಟು ಎಲ್ಲಿದೆ ಅಂತ ಹುಡುಕ್ತಾನೇ ಇದ್ದೀನಿ... ಸಿಗ್ತಿಲ್ಲವಲ್ರೀ! ಹತ್ತು ವರ್ಷದಿಂದ ಈ ಕೆಲಸದಲ್ಲಿದ್ದೀನಿ. ಮುರಿದ ಕನ್ನಡಕವನ್ನ ಇಷ್ಟು ಚೆಂದ ಕಟ್ಟಿದ್ದು ನೋಡಿರಲಿಲ್ಲ."

ಅವಳ ಕಿವಿ ಬೆಚ್ಚಗಾಯಿತು.

ರಫು ಮಾಡುವುದು ಅವಳ ಕೆಲಸ. ಇಲಿ ಕಚ್ಚಿದ ಶಾಲು, ಮೊಳೆಗೆ ಸಿಕ್ಕಿ ಹರಿದ ಕೋಟು ಅವಳ ಕೈಗೆ ಬಂದರೆ, ಹರಿದದ್ದು ಎಲ್ಲಿ ಎಂದು ಬಟ್ಟೆಯವರಿಗೇ ಗೊತ್ತಾಗುತ್ತಿರಲಿಲ್ಲ. ಆ ಕೆಲಸಕ್ಕೆ ಕೂತಾಗ ಅವಳು ಕನ್ನಡಕ ತೆಗೆದಿಟ್ಟು, ಬಟ್ಟೆಯನ್ನು ಮೂಗಿನಿಂದ ಅರ್ಧ ಗೇಣು ದೂರಕ್ಕೆ ಹಿಡಿಯುತ್ತಿದ್ದಳು. ಅಷ್ಟು ಹತ್ತಿರದಲ್ಲಿ ಅವಳ ಕಣ್ಣಿಗೆ ಎಳೆ ಎಳೆಯೂ ಕಾಣುತ್ತಿತ್ತು. ಅದರಾಚೆ ಎಲ್ಲವೂ ಮಂಜು.

ಈಗ ಒಂದು ತರಬೇತಿ ಕೇಂದ್ರದವರು ರಫು ಕಲಿಸಲು ಕರೆದಿದ್ದರು. ಇಪ್ಪತ್ತು ಜನರ ಮುಂದೆ ನಿಂತು ಪಾಠ ಹೇಳಬೇಕು. ಕೊನೇ ಬೆಂಚಿನವರ ಮುಖ ಕಾಣಲೇಬೇಕು!

ಅದಕ್ಕೇ ಬಂದಿದ್ದಳು. ಒಬ್ಬಳೇ ಬಂದಿದ್ದಳು.

ಒಂಬತ್ತನೇ ವಯಸ್ಸಿನಿಂದ ಅವಳ ಫ್ರೇಮು ಆರಿಸಿದ್ದೆಲ್ಲ ಅಕ್ಕ. "ಕನ್ನಡಕ ತೆಗೆದ್ರೆ ಕನ್ನಡೀಲಿ ನಿನ್ನ ಮುಖಾನೇ ನಿನಗೆ ಕಾಣಲ್ಲ. ಏನು ನೋಡಿ ಆರಿಸ್ತೀಯೇ?" ಎನ್ನುತ್ತಿದ್ದಳು ಅಕ್ಕ. ಪ್ರೀತಿಯಿಂದಲೇ ಅನ್ನುತ್ತಿದ್ದಳು. ಆದರೆ ಆ ಮಾತು ಬೆಳೆಯುತ್ತಾ ಹೋಗಿ, ಬಟ್ಟೆ ಆರಿಸುವಾಗಲೂ ಬಂತು, ಗೆಳತಿಯರನ್ನು ಆರಿಸುವಾಗಲೂ ಬಂತು. ನಿನಗೇನು ಕಾಣುತ್ತೆ?

'ಈ ಸಲ ನಾನೇ ಆರಿಸ್ತೀನಿ. ಇದೂ ಕೆಟ್ಟರೆ ಅಕ್ಕ ಹೇಳಿದ್ದೇ ನಿಜ ಅಂತ ಒಪ್ಕೋತೀನಿ...'

ಅವನು ಒಂದು ಫ್ರೇಮು ಮುಖಕ್ಕೆ ಕೂರಿಸಿ ಕನ್ನಡಿ ಸರಿಸಿದ. ಅವಳು ಬಗ್ಗಿದಳು. ಇನ್ನೂ ಬಗ್ಗಿದಳು. ಕೊನೆಗೆ ಟಪ್ ಎಂದು ಹಣೆ ಕನ್ನಡಿಗೆ ಬಡಿಯಿತು.

ಬೇರೆ ಅಂಗಡಿಗಳಲ್ಲಿ ಈ ಹೊತ್ತಿಗೆ ಯಾರಾದರೂ ಕಿಸಕ್ಕೆನ್ನುತ್ತಿದ್ದರು. ಶಾಲೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದೇ ಸೋಡಾಬುಡ್ಡಿ ಎಂದು.

"ನಿಮ್ಮ ಫೋನ್ ಕೊಡ್ತೀರಾ?" ಎಂದ ಅವನು.

"ಯಾಕೆ?" ಅವಳ ದನಿ ಚುರುಕಾಯಿತು.

"ಒಂದೊಂದು ಫ್ರೇಮಿಗೂ ಒಂದೊಂದು ಫೋಟೋ ತೆಗೀತೀನಿ. ಆಮೇಲೆ ಹಳೇ ಕನ್ನಡಕ ಹಾಕ್ಕೊಂಡು ನೀವೇ ನೋಡಿ. ನನ್ನ ಫೋನಲ್ಲಿ ಯಾಕೆ? ನಿಮ್ಮ ಮುಖ ನಿಮ್ಮ ಹತ್ರಾನೇ ಇರ್ಲಿ."

ಎಷ್ಟು ಸುಲಭದ ಉಪಾಯ! ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ!

ಹನ್ನೊಂದು ಫ್ರೇಮು, ಹನ್ನೊಂದು ಫೋಟೋ. ದಾರ ಸುತ್ತಿದ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ನೋಡಿದಳು. ದೊಡ್ಡ ಚೌಕದ ಕಪ್ಪು ಫ್ರೇಮೊಂದು ಕಣ್ಣಿಗೆ ಹಿಡಿಸಿತು.

"ಇದು?"

"ಚೆಂದಾನೇ ಇದೆ. ಆದ್ರೆ ನಿಮ್ಮ ಪವರಿಗೆ ಫ್ರೇಮು ದೊಡ್ಡದಾದಷ್ಟೂ ಲೆನ್ಸಿನ ಅಂಚು ದಪ್ಪ ಆಗುತ್ತೆ. ತೂಕಕ್ಕೆ ಮೂಗಿಂದ ಜಾರುತ್ತೆ. ಪಾಠ ಮಾಡೋವಾಗ ಒಂದು ಕೈ ಅದಕ್ಕೇ ಬೇಕಾಗುತ್ತೆ." ಸ್ವಲ್ಪ ತಡೆದು ಅಂದ, "ಬೇಕು ಅಂದ್ರೆ ಮಾಡಿಕೊಡ್ತೀನಿ. ಮುಖ ನಿಮ್ಮದು."

"ನಿಮಗೆ ಯಾವುದು ಸರಿ ಅನ್ಸುತ್ತೆ?"

"ಹೇಳಲ್ಲ. ಹೇಳಿದ್ರೆ ಅದು ನನ್ನ ಆಯ್ಕೆ ಆಗ್ಬಿಡುತ್ತೆ."

ಅವಳು ತಲೆಯೆತ್ತಿ ಅವನನ್ನು ಸರಿಯಾಗಿ ನೋಡಿದ್ದು ಆಗಲೇ. ಅಂಥ ಚೆಲುವನೇನಲ್ಲ. ಮೂಗು ಒಂಚೂರು ಸೊಟ್ಟ, ತಲೆ ಬಾಚಿ ಎರಡು ದಿನವಾದ ಹಾಗಿತ್ತು. ಆದರೆ ಎದುರಿಗಿರುವವರ ಮಾತು ಮುಗಿಯುವವರೆಗೂ ಕಾಯುವ ಮುಖ. ಅಂಥ ಮುಖ ಎಷ್ಟು ಜನಕ್ಕಿರುತ್ತದೆ, ಹೇಳಿ?

ಏಳನೇ ಫೋಟೋದ ಮೇಲೆ ಬೆರಳಿಟ್ಟಳು. ಜೇನುಬಣ್ಣದ, ಪುಟ್ಟ ದುಂಡು ಫ್ರೇಮು. ಅದರಲ್ಲಿ ಅವಳು ಅವಳ ಹಾಗೇ ಇದ್ದಳು.

"ಇದೇ!"

"ಇದೇನಾ?"

"ಇದೇ ಅಂದೆನಲ್ಲ!"

ಮುಂದೆ ಅಳತೆ. ಎರಡು ಕಣ್ಣುಪಾಪೆಗಳ ನಡುವಿನ ಅಂತರ ಹಿಡಿದು ಲೆನ್ಸಿನ ನಡುಬಿಂದು ಗುರುತು ಮಾಡುತ್ತಾರೆ. ಅವನು ಪುಟ್ಟ ಸ್ಕೇಲು ಹಿಡಿದು ಎದುರಿಗೆ ಕೂತ.

"ಕನ್ನಡಕ ತೆಗೆದು ನನ್ನ ಎಡಗಣ್ಣು ನೋಡಿ."

"ಎಲ್ಲಿದೆ ಅದು?"

ಅವನು ಮುಂದಕ್ಕೆ ಬಂದ. "ಈಗ?"

"ಮುಖ ಇದೆ ಅಂತ ಗೊತ್ತಾಗ್ತಿದೆ... ಕಣ್ಣು ಇಲ್ಲ."

ಇನ್ನೂ ಮುಂದಕ್ಕೆ. "ಈಗ?"

ಅರ್ಧ ಗೇಣು! ಮಂಜಿನಿಂದ ಒಂದು ಕಣ್ಣು ಎದ್ದು ಬಂತು. ಕಂದು ಕಣ್ಣು, ನೆಟ್ಟಗಿನ ರೆಪ್ಪೆಗಳು. ಕೆಳಗೆ ಬಿಳಿ ಕೋಟಿನ ಕಾಲರು, ಅದರ ಮೇಲೆ ಅಡ್ಡಾದಿಡ್ಡಿ ಹಾಕಿದ ಹೊಲಿಗೆ. 'ಅಯ್ಯೋ ಪಾಪ, ತಾನೇ ಹೊಲ್ಕೊಂಡಿದ್ದಾನೆ...'

"ಕಾಣಿಸ್ತು," ಎಂದಳು ಪಿಸುದನಿಯಲ್ಲಿ.

ಅವನು ಅಷ್ಟು ಹತ್ತಿರದಿಂದಲೇ ಸ್ಕೇಲು ಹಿಡಿದು ಅಳೆದ. ಅಳೆದ ಮೇಲೂ ಒಂದು ಕ್ಷಣ ಹಾಗೇ ಕೂತಿದ್ದ. ಆಮೇಲೆ ಅವನು ಸರಕ್ಕನೆ ಎದ್ದು, ಚೀಟಿಯಲ್ಲಿ ಏನೋ ಬರೆದುಕೊಂಡ.

ಎಂಟು ದಿನಕ್ಕೆ ಕನ್ನಡಕ ಬಂತು. ಕಡ್ಡಿಗಳನ್ನು ಬಿಸಿ ಮಾಡಿ, ಕಿವಿಯ ಹಿಂದೆ ಒತ್ತದ ಹಾಗೆ ಬಗ್ಗಿಸಿ, ಅವನೇ ಹಾಕಿಕೊಟ್ಟ. "ಹೊಸ ಲೆನ್ಸು. ಎರಡು ದಿನ ಒಂಥರಾ ಅನಿಸಬಹುದು. ಅದಕ್ಕಿಂತ ಹೆಚ್ಚಾದ್ರೆ ತಕ್ಷಣ ಬನ್ನಿ," ಎಂದ.

ದಾರಿಯಲ್ಲೇ ನೆಲ ಏರಿಳಿಯತೊಡಗಿತು. ಎರಡು ದಿನ ಹೋಯಿತು, ನಾಲ್ಕು ದಿನ ಹೋಯಿತು. ಹುಬ್ಬಿನ ನಡುವೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ನೋವು! ಐದನೇ ದಿನ ಪಾಠದ ನಡುವೆಯೇ ಗೋಡೆ ಹಿಡಿದು ನಿಂತಳು.

ಅಕ್ಕ ತಲೆಗೆ ಎಣ್ಣೆ ತಟ್ಟುತ್ತಾ ಸಿಡುಕಿದಳು. "ನಾನು ಬರ್ತೀನಿ ಅಂದೆ. ಕೇಳಿದ್ಯಾ? ಅವನ್ಯಾರೋ ನಯವಾಗಿ ಮಾತಾಡಿದ, ನೀನು ಕರಗಿದೆ. ಅದಕ್ಕೇ ಹೇಳೋದು, ನಿನಗೇನು ಕಾಣುತ್ತೆ ಅಂತ!"

ಅವಳು ಹೊಸ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ತಲೆನೋವಿಗಿಂತ ಆ ಮಾತೇ ಹೆಚ್ಚು ನೋಯಿಸಿತು.

ಮರುದಿನ ಅಂಗಡಿಯ ಬಾಗಿಲಿಗೆ ಬಂದವಳು ಗಾಜಿನಾಚೆ ಕಂಡದ್ದನ್ನು ನೋಡಿ ಅಲ್ಲೇ ನಿಂತಳು. ಅವನು ಒಬ್ಬ ಅಜ್ಜನ ಅಳತೆ ತೆಗೆಯುತ್ತಿದ್ದ. ಅದೇ ಸ್ಕೇಲು, ಅದೇ ಕುರ್ಚಿ. ಆದರೆ ಅಜ್ಜನಿಗೂ ಅವನಿಗೂ ನಡುವೆ ಒಂದು ಮೊಳ ದೂರ!

'ಎಲ್ಲರಿಗೂ ಒಂದು ಮೊಳ... ನನಗೆ ಮಾತ್ರ ಅರ್ಧ ಗೇಣಾ?'

ಮೈಯೆಲ್ಲ ಉರಿದುಹೋಯಿತು. ಅಂದರೆ ಅಂದು ಅವನು ಬೇಕೆಂದೇ ಹತ್ತಿರ ಬಂದಿದ್ದ! ಕಣ್ಣು ಕಾಣದವಳು ಎಂದು ಸಲಿಗೆ ತೆಗೆದುಕೊಂಡ. ತಾನೋ, ಆ ಕಂದು ಕಣ್ಣನ್ನು ಎಂಟು ದಿನ ನೆನೆದು ನೆನೆದು... ಛೀ!

ಅಜ್ಜ ಹೊರಗೆ ಹೋಗುವುದನ್ನೇ ಕಾದು ಒಳಗೆ ನುಗ್ಗಿದಳು. ಕನ್ನಡಕ ಕಿತ್ತು ಮೇಜಿನ ಮೇಲಿಟ್ಟಳು.

"ಅವರ ಅಳತೆಗೆ ಒಂದು ಮೊಳ ದೂರ ಕೂತ್ರಿ. ನನ್ನ ಅಳತೆಗೆ ಅರ್ಧ ಗೇಣಿಗೆ ಬಂದ್ರಿ. ಯಾಕೆ? ಇವಳಿಗೆ ಹೇಗೂ ಕಾಣಲ್ಲ ಅಂತಾನಾ?"

ಅವನು ಮೇಜಿನ ಮೇಲಿನ ಕನ್ನಡಕವನ್ನೇ ನೋಡಿದ.

"ಉತ್ತರ ಕೊಡಿ!"

"ಅರ್ಧ ಗೇಣು..." ಅವನ ದನಿ ಬದಲಾಗಿತ್ತು. "ತಲೆನೋವಾ? ನೆಲ ಏರಿಳಿದ ಹಾಗಾಗ್ತಿದೆಯಾ?"

"ನಿಮಗೆ ಹೇಗೆ ಗೊತ್ತು?"

ಅವನು ಕನ್ನಡಕ ತೆಗೆದುಕೊಂಡು ಮೂಲೆಯಲ್ಲಿದ್ದ ಲೆನ್ಸು ಅಳೆಯುವ ಯಂತ್ರಕ್ಕಿಟ್ಟ. ಒಂದೊಂದು ಲೆನ್ಸಿನ ನಡುಬಿಂದುವಿಗೂ ಒಂದೊಂದು ಶಾಯಿಯ ಚುಕ್ಕೆ ಬಿತ್ತು. ಸ್ಕೇಲಿಟ್ಟು ನೋಡಿದ. ಮತ್ತೊಮ್ಮೆ ನೋಡಿದ.

"ದಾರದ ಕನ್ನಡಕ ಹಾಕ್ಕೊಳ್ಳಿ. ಇದನ್ನ ನೀವು ಕಣ್ಣಾರೆ ನೋಡ್ಬೇಕು."

ಅವಳು ಚೀಲದಿಂದ ಹಳೆಯದನ್ನು ತೆಗೆದು ಹಾಕಿಕೊಂಡಳು.

"ಹತ್ತಿರದ್ದನ್ನ ನೋಡೋವಾಗ ಎರಡೂ ಕಣ್ಣು ಮೂಗಿನ ಕಡೆ ತಿರುಗ್ತವೆ. ನೀವು ನನ್ನ ಕಣ್ಣು ಕಾಣ್ತಿಲ್ಲ ಅಂದ್ರಿ, ನಾನು ಕಾಣೋವರೆಗೂ ಬಂದೆ. ನಿಮ್ಮ ಕಣ್ಣು ಒಳಗೆ ತಿರುಗಿತ್ತು, ನಾನು ಅದನ್ನೇ ಅಳೆದೆ. ನಡುಬಿಂದು ಐದು ಮಿಲಿಮೀಟರು ತಪ್ಪಿದೆ. ದೂರ ನೋಡಿಸಿ ಅಳೀಬೇಕಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಯೋ ಪಾಠ ಇದು." ಅವನು ತಲೆ ತಗ್ಗಿಸಿದ. "ತಪ್ಪು ಪೂರ್ತಿ ನನ್ನದು. ಐದು ದಿನ ನಿಮಗೆ ನೋವು ಕೊಟ್ಟೆ. ಕ್ಷಮಿಸಿ."

ಅವಳ ಸಿಟ್ಟಿಗೆ ನಿಲ್ಲಲು ಜಾಗವೇ ಸಿಗಲಿಲ್ಲ. ಕಾಣದು ಎಂದು ಹೇಳಿದವಳೇ ಅವಳು. ಹತ್ತಿರ ಕರೆದವಳೂ ಅವಳೇ!

"ಲೆನ್ಸು ಮಾಡಿದವರ ತಪ್ಪು ಅನ್ನಬಹುದಿತ್ತು. ಅಭ್ಯಾಸ ಆಗುತ್ತೆ ಅನ್ನಬಹುದಿತ್ತು. ನನಗೇನು ಗೊತ್ತಾಗ್ತಿತ್ತು?"

"ನಿಮಗೆ ಗೊತ್ತಾಗಲ್ಲ ಅಂತ ಸುಳ್ಳು ಹೇಳೋದಾ? ನಿಮ್ಮ ಗಂಟು ಯಾರಿಗೂ ಕಾಣಲ್ಲ. ಆದ್ರೂ ನೀವು ಸರಿಯಾಗೇ ಹಾಕ್ತೀರಲ್ಲ."

ಅವಳ ಕಣ್ಣು ತುಂಬಿ ಬಂತು. ಎಂಥ ಮನುಷ್ಯ! ಅಂಗಡಿಯ ನಡುವೆ ನಿಂತು, ನನ್ನದೇ ತಪ್ಪು ಎಂದು ಇಷ್ಟು ನೇರವಾಗಿ ಹೇಳಿದವರನ್ನು ಅವಳು ಕಂಡೇ ಇರಲಿಲ್ಲ.

"ಹತ್ತು ವರ್ಷದ ಕೈ," ಎಂದಳು ಮೆಲ್ಲಗೆ. "ಮೊದಲ ದಿನದ ಪಾಠ ಮರೆತದ್ದು ಹೇಗೆ?"

ಅವನ ಕಿವಿ ಕೆಂಪಾಯಿತು. "ಅದನ್ನ... ಲೆನ್ಸು ಸರಿಯಾದ ಮೇಲೆ ಹೇಳ್ತೀನಿ. ಈಗ ಕನ್ನಡಕ ತೆಗೆದು ಬಾಗಿಲಿನಾಚೆ ದೀಪದ ಕಂಬ ನೋಡಿ. ಕಾಣದಿದ್ರೂ ಪರವಾಗಿಲ್ಲ, ಆ ಕಡೆ ನೋಡ್ತಿದ್ರೆ ಸಾಕು."

ಈ ಸಲ ಒಂದು ಮೊಳ ದೂರ ಕೂತೇ ಅಳತೆ ತೆಗೆದ. ಆ ದೂರ ಅವಳಿಗೆ ಯಾಕೋ ಜಾಸ್ತಿ ಅನಿಸಿತು.

ವಾರ ಕಳೆದು ಅಕ್ಕನ ಜೊತೆಗೇ ಬಂದಳು. ಅಕ್ಕ ಪೊಲೀಸರ ಹಾಗೆ ಪ್ರಶ್ನೆ ಹಾಕಿದಳು. ಅವನು ಒಂದನ್ನೂ ಮುಚ್ಚಿಡದೆ ತನ್ನ ತಪ್ಪನ್ನು ಇನ್ನೊಮ್ಮೆ ಹೇಳಿದ. ಆಮೇಲೆ ಜೇನುಬಣ್ಣದ ಕನ್ನಡಕವನ್ನು ತಂಗಿಯ ಕೈಗೇ ಕೊಟ್ಟ.

ಹಾಕಿಕೊಂಡಳು. ನೆಲ ನೆಲದ ಹಾಗೇ ಇತ್ತು! ಬೀದಿಯಾಚೆಯ ಬೋರ್ಡು, ದೀಪದ ಕಂಬ, ಅದರ ಮೇಲೆ ಕೂತ ಕಾಗೆಯ ಕೊಕ್ಕು... ಎಲ್ಲ ಕಂಡಿತು!

ಅಕ್ಕ ತಂಗಿಯ ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿದಳು. "ನಾನಾಗಿದ್ರೆ ಇದನ್ನ ಆರಿಸ್ತಾನೇ ಇರ್ಲಿಲ್ಲ ಕಣೇ."

ಅವಳ ಮುಖ ಸಪ್ಪಗಾಯಿತು.

"ತಪ್ಪು ಮಾಡ್ತಿದ್ದೆ," ಎಂದಳು ಅಕ್ಕ. ದನಿ ಒಂಚೂರು ಒದ್ದೆಯಾಗಿತ್ತು. "ನಿನಗೆ ಚೆನ್ನಾಗೇ ಕಾಣುತ್ತೆ ಬಿಡು." ಅವನ ಕಡೆ ಒಮ್ಮೆ ನೋಡಿ, "ಬಸ್ಸು ಬಂತಾ ನೋಡ್ಕೊಂಡ್ ಬರ್ತೀನಿ," ಎಂದು ಹೊರಟಳು. ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು.

ಒಳಗೆ ಇಬ್ಬರೇ.

"ಲೆನ್ಸು ಸರಿಯಾಯ್ತು," ಎಂದಳು ಅವಳು. "ಈಗ ಹೇಳಿ. ಮರೆತದ್ದು ಹೇಗೆ?"

"ನೀವು 'ಕಾಣಿಸ್ತು' ಅಂದ್ರಲ್ಲ..." ಅವನು ಸ್ಕೇಲನ್ನು ತಿರುಗಿಸುತ್ತಾ ಅಂದ. "ಅದುವರೆಗೂ ಅಳತೆ ನೆನಪಿತ್ತು. ಆಮೇಲೆ ನನಗೆ ನೀವೊಬ್ಬರೇ ಕಂಡಿದ್ದು. ಆವತ್ತಿಂದ ಹಾಗೇ ಇದೆ. ನೀವು ನನಗೆ ತುಂಬಾ ಇಷ್ಟ ಕಣ್ರೀ."

ಅವಳು ಚೀಲದಿಂದ ಸೂಜಿ ತೆಗೆದಳು, ಬಿಳಿ ದಾರ ಪೋಣಿಸಿದಳು. ಕನ್ನಡಕ ತೆಗೆದು ಜೋಪಾನವಾಗಿ ಮೇಜಿನ ಮೇಲಿಟ್ಟಳು.

"ಹತ್ರ ಬನ್ನಿ. ಆ ಕಾಲರು ನೋಡಿ ನೋಡಿ ನನ್ನ ಜೀವ ಹೋಗ್ತಿದೆ."

ಅವನು ಬಂದು ನಿಂತ. ಅವಳು ಅರ್ಧ ಗೇಣಿನ ದೂರಕ್ಕೆ ಬಂದು, ಅವನ ವಕ್ರ ಹೊಲಿಗೆಯನ್ನು ಬಿಚ್ಚತೊಡಗಿದಳು.

"ಕನ್ನಡಕ ಬೇಡ್ವಾ?" ಅವನು ಅಲುಗಾಡದೆ ಕೇಳಿದ.

"ಅದು ದೂರದವರನ್ನ ನೋಡೋಕೆ," ಎಂದಳು ಅವಳು. "ಸುಮ್ನೆ ನಿಂತ್ಕೊಳ್ಳಿ. ನಿಧಾನಕ್ಕೆ ಹಾಕ್ತೀನಿ."